ನಾಲ್ಕು ಮೂಲೆ, ಒಂದು ಮಣೆ

ಬೆನ್ನ ಹಿಂದೆ ಸದ್ದಾದರೆ ಎಲ್ಲರೂ ತಿರುಗಿ ನೋಡುತ್ತಾರೆ. ಬೆಕ್ಕೋ, ಚಂದಾ ಕೇಳಲು ಬಂದವರೋ ಎಂದು ಗೊತ್ತಾದ ಮೇಲೆ ಮತ್ತೆ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ನಾನು ಮಾತ್ರ ಬೆನ್ನ ಹಿಂದಿನ ಸದ್ದನ್ನು ದುಡ್ಡು ಕೊಟ್ಟು ತರಿಸಿಕೊಳ್ಳುವ ಮನುಷ್ಯ. ಬೇರೆಯವರ ಮನೆಯ ಶೋಕೇಸಿನಲ್ಲಿ ಮಕ್ಕಳು ಗೆದ್ದ ಕಪ್ಪುಗಳಿರುವ ಜಾಗದಲ್ಲಿ ನಮ್ಮ ಮನೆಯಲ್ಲಿ ಅಂಥ ಸದ್ದುಗಳು ಡಿಸ್ಕುಗಳಾಗಿ ಸಾಲಾಗಿ ನಿಂತಿವೆ. ಇಡೀ ತುಮಕೂರಿನಲ್ಲಿ ಈ ಹುಚ್ಚು ಇರುವವನು ನಾನೊಬ್ಬನೇ ಎಂದು ಬಹಳ ದಿನ ಹೆಮ್ಮೆಪಟ್ಟೆ. ಆಮೇಲೆ, ಒಬ್ಬನೇ ಹಿಡಿಸಿಕೊಂಡ ಹುಚ್ಚಿನಲ್ಲಿ ಹೆಮ್ಮೆಗಿಂತ ಬೇಜಾರೇ ಜಾಸ್ತಿ ಎಂದು ತಿಳಿಯಿತು.

ಇದು ಅಂಟಿಕೊಂಡದ್ದು ತೊಂಬತ್ತರ ದಶಕದಲ್ಲಿ, ಮಂಡಿಪೇಟೆಯ ಹತ್ತಿರದ ಒಂದು ಗುಜರಿ ಅಂಗಡಿಯಲ್ಲಿ. ಸೈಕಲ್ಲಿಗೆ ಒಂದು ಹಳೇ ಸೀಟು ಹುಡುಕಿಕೊಂಡು ಹೋದವನಿಗೆ ರದ್ದಿ ಪೇಪರಿನ ನಡುವೆ ವಿದೇಶದ ಒಂದು ಗ್ರಾಮಫೋನ್ ತಟ್ಟೆ ಸಿಕ್ಕಿತು. ಕವರಿನ ಮೂಲೆಯಲ್ಲಿ 'ಕ್ವಾಡ್ರಫೋನಿಕ್' ಎಂದು ಅಚ್ಚಾಗಿತ್ತು. ನಾನು ಟೆಲಿಫೋನ್ ಇಲಾಖೆಯವನು; ಫೋನಿನ ಹೆಸರಿನ ಯಾವುದನ್ನೂ ಸುಮ್ಮನೆ ಬಿಡುವವನಲ್ಲ. ಓದಿ ತಿಳಿದುಕೊಂಡೆ. ಎಪ್ಪತ್ತರ ದಶಕದಲ್ಲಿ ಹಾಡನ್ನು ಎರಡು ಕಡೆಯಿಂದಲ್ಲ, ನಾಲ್ಕು ಮೂಲೆಯಿಂದಲೂ ಕೇಳಿಸಬೇಕೆಂದು ಹೊರಟವರಿದ್ದರಂತೆ. ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ಕೇಳುವವನು. ಯೋಚನೆ ಚೆನ್ನಾಗಿಯೇ ಇತ್ತು. ಆದರೆ ಕಂಪನಿಗಳು ತಲೆಗೊಂದು ವಿಧಾನ ಹುಡುಕಿ, ಒಬ್ಬರ ತಟ್ಟೆ ಇನ್ನೊಬ್ಬರ ಯಂತ್ರದಲ್ಲಿ ಸರಿಯಾಗಿ ಹಾಡದ ಹಾಗೆ ಮಾಡಿಕೊಂಡವು. ಕೊಳ್ಳುವವರಿಗೂ ಸಾಕಾಯಿತು, ನಾಲ್ಕು ಮೂಲೆಯ ಸಂಗೀತ ನಿಂತೇಹೋಯಿತು.

ಆ ತಟ್ಟೆಯನ್ನು ನನ್ನ ಎರಡು ಸ್ಪೀಕರಿನ ಸೆಟ್ಟಿನಲ್ಲಿ ಎಷ್ಟೋ ವರ್ಷ ಹಾಕಿ ಕೇಳಿದೆ. ಇದರೊಳಗೆ ಇನ್ನೂ ಇಬ್ಬರು ಕೂತಿದ್ದಾರೆ, ಅವರು ಬೇರೆಯಾಗಿ ಕೇಳಿಸುತ್ತಿಲ್ಲ ಎಂಬ ಕೊರಗು ಹೋಗಲಿಲ್ಲ. ಎಕ್ಸ್‌ಚೇಂಜಿನಲ್ಲಿ ನನ್ನ ಕೆಲಸವೇ ಕೇಳಿಸದವರ ದೂರು ತೆಗೆದುಕೊಳ್ಳುವುದಾಗಿದ್ದರಿಂದ ಈ ಕೊರಗು ಮನೆಗೂ ಹಿಂಬಾಲಿಸಿಕೊಂಡು ಬಂತು ಎನ್ನಬಹುದು.

ಎರಡು ಸಾವಿರದ ನಂತರ ಕಾಲ ನನ್ನ ಕಡೆ ತಿರುಗಿತು. ಸರೌಂಡ್ ಸೌಂಡಿನ ಡಿಸ್ಕುಗಳು ಬಂದವು. ಆ ಹಳೇ ನಾಲ್ಕು ಮೂಲೆಯ ಆಲ್ಬಮ್ಮುಗಳನ್ನು ಯಾರೋ ಪುಣ್ಯಾತ್ಮರು ಪೆಟ್ಟಿಗೆಯಿಂದ ತೆಗೆದು, ಧೂಳು ಕೊಡವಿ, ಈ ಡಿಸ್ಕುಗಳ ಮೇಲೆ ಮತ್ತೆ ಹೊರತಂದರು. ನನ್ನ ಗುಜರಿ ತಟ್ಟೆಯ ಡಿಸ್ಕೂ ಬಂತು. ಅದು ಬೆಂಗಳೂರಿನ ಅಂಗಡಿಯೊಂದರಿಂದ ಬಂದ ದಿನ ನಾನು ಆಫೀಸಿಗೆ ಹೊಟ್ಟೆನೋವು ಎಂದು ಹೇಳಿ ಕಳಿಸಿದೆ.

ಸ್ಪೀಕರುಗಳ ಸೆಟ್ಟನ್ನು ಅದಕ್ಕೂ ಮುಂಚೆಯೇ ತಂದು ಕಾದಿದ್ದೆ. ಅದರಲ್ಲಿ ನಾಲ್ಕಲ್ಲ, ಐದು ಸ್ಪೀಕರುಗಳಿದ್ದವು. ಐದನೆಯದು ಟಿವಿಯ ಕೆಳಗೆ ಇಡುವಂಥದ್ದು. ಆದರೆ ಹಳೇ ಕಾಲದ ಈ ಸಂಗೀತಕ್ಕೆ ಬೇಕಾದದ್ದು ನಾಲ್ಕೇ, ಐದನೆಯದಕ್ಕೆ ಏನೂ ಕೆಲಸವಿಲ್ಲ. "ಹಾಗಾದ್ರೆ ಇದ್ಯಾಕ್ರೀ ತಂದ್ರಿ?" ಎಂದು ನನ್ನ ಹೆಂಡತಿ ಸರೋಜ ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಅದರ ಮೇಲೆ ಒಂದು ಕ್ರೋಷಾ ಬಟ್ಟೆ ಹಾಸಿ ಹೂದಾನಿ ಇಟ್ಟಿದ್ದಳು.

ಉಳಿದ ನಾಲ್ಕನ್ನು ಮೂಲೆಗೊಂದರಂತೆ ಇಡುವಾಗ ಹಿಂದಿನ ಎಡಗಡೆಯದು ಸರಿಯಾಗಿ ಈಶಾನ್ಯಕ್ಕೆ, ದೇವರ ಗೂಡಿನ ಪಕ್ಕಕ್ಕೇ ಬಂತು. ದೇವಮೂಲೆಯಲ್ಲಿ ಕೂತದ್ದರಿಂದ ಆಯುಧಪೂಜೆಯ ದಿನ ಅದೊಂದಕ್ಕೇ ಅರಿಶಿನ, ಕುಂಕುಮ, ಒಂದೆಳೆ ಹೂವು ಬಿತ್ತು. ಮಿಕ್ಕ ಮೂರೂ ಹಾಗೇ ಬೋಳು ಹಣೆಯಲ್ಲಿ ನೋಡುತ್ತಿದ್ದವು.

ಇಷ್ಟೆಲ್ಲ ಆದ ಮೇಲೆ ನಿಜವಾದ ತೊಡಕು ಎದುರಾಯಿತು. ನಾಲ್ಕು ಮೂಲೆಯ ಸದ್ದು ಸಮನಾಗಿ ಬಂದು ಸೇರುವ ಜಾಗ ಕೋಣೆಯಲ್ಲಿ ಒಂದೇ ಒಂದು. ಅಳತೆ ಟೇಪು ಹಿಡಿದು ಗುರುತು ಮಾಡಿದರೆ, ಅಲ್ಲಿ ಅಮ್ಮನ ಮಣೆ ಇತ್ತು. ಅಪ್ಪ ಹೋದ ಮೇಲೆ ಗುಬ್ಬಿಯಿಂದ ನಮ್ಮ ಜೊತೆ ಇರಲು ಬಂದ ಅಮ್ಮ, ಬಂದ ದಿನವೇ ಹಾಲಿನ ನಟ್ಟನಡುವೆ ಆ ಮಣೆ ಹಾಕಿಕೊಂಡಿದ್ದಳು. ಅಲ್ಲಿಂದ ಬೀದಿ ಬಾಗಿಲು, ಅಡಿಗೆಮನೆ, ಟಿವಿ ಮೂರೂ ಕಾಣುತ್ತವೆ. ಸೊಪ್ಪು ಸೋಸುವುದು, ಅವರೆಕಾಯಿ ಬಿಡಿಸುವುದು, ಬಂದವರನ್ನು ಮಾತಾಡಿಸುವುದು ಎಲ್ಲ ಅಲ್ಲಿಂದಲೇ.

"ಅಮ್ಮ, ಒಂಚೂರು ಆ ಕಡೆ ಗೋಡೆಗೆ ಒರಗಿ ಕೂತ್ಕೋತೀಯಾ?" ಎಂದೆ.

"ಗ್ವಾಡೆ ಪಕ್ಕ ಕೂರಕ್ಕೆ ನಾನೇನು ಬಾಣಂತಿಯಾ? ನಿನ್ ಪಾಡಿಗೆ ನೀನು ಹಾಕ್ಕಳ್ಲಾ, ನಾನೇನು ನಿನ್ನ ಹಾಡು ತಿಂದಾಕ್ತೀನಾ?" ಎಂದಳು ಅಮ್ಮ.

ಹೀಗೆ, ಸಮುದ್ರದಾಚೆ ಯಾರೋ ಪರಿಣತರು ಅಳೆದು ಸುರಿದು ಮಿಶ್ರಣ ಮಾಡಿದ ಸಂಗೀತವನ್ನು ನಮ್ಮಮ್ಮ ಅವರೆಕಾಯಿ ಬಿಡಿಸುತ್ತ ಅತ್ಯುತ್ತಮ ಜಾಗದಲ್ಲಿ ಕೂತು ಕೇಳಿದಳು. ನಾನು ಅವಳ ಹಿಂದೆ, ಬಾಗಿಲ ಸಂದಿಯ ಹತ್ತಿರ, ಒಂದೇ ಸ್ಪೀಕರಿನ ಬಾಯಿಗೆ ಕಿವಿ ಕೊಟ್ಟು ಕೂತೆ.

ಮೊದಲ ದಿನ ಬೆನ್ನ ಹಿಂದಿನಿಂದ ಡ್ರಮ್ಮು ಶುರುವಾದಾಗ ಅಮ್ಮ ಥಟ್ಟನೆ ತಿರುಗಿ, "ಯಾರೋ ಬಂದ್ರು ನೋಡ್ಲಾ" ಎಂದಳು. ಯಾರೂ ಇಲ್ಲ, ಸ್ಪೀಕರು ಎಂದೆ. ಅವಳು ಸ್ವಲ್ಪ ಹೊತ್ತು ನಾಲ್ಕು ಕಡೆಯೂ ಕತ್ತು ಹೊರಳಿಸಿ ಕೇಳಿದಳು. ಆಮೇಲೆ ಮುಖ ಅರಳಿಸಿ, "ಭಜನೆ ಮನೇಲಿ ಕೂತಂಗೈತೆ ಕಣ್ಲಾ" ಎಂದಳು.

ಗುಬ್ಬಿಯಲ್ಲಿ ನಮ್ಮ ಬೀದಿಯ ಭಜನೆ ಮನೆಯಲ್ಲಿ ಶನಿವಾರದ ದಿನ ಗಂಡಸರು ನಾಲ್ಕು ಗೋಡೆಗೂ ಬೆನ್ನು ಕೊಟ್ಟು ಕೂರುತ್ತಿದ್ದರು. ಒಂದು ಕಡೆ ಹಾರ್ಮೋನಿಯಂ, ಎದುರು ಗೋಡೆಗೆ ತಬಲ, ಉಳಿದ ಕಡೆ ತಾಳ. ನಡುವೆ ಹೆಂಗಸರು, ಅವರ ಮಡಿಲಲ್ಲಿ ನಿದ್ದೆಗೆ ಜಾರಿದ ಮಕ್ಕಳು. ಅಂದರೆ ಕಂಪನಿಗಳು ಜಗಳವಾಡಿ ಕೆಡಿಸಿಕೊಂಡ ಆ ಹೊಸ ವಿದ್ಯೆಯನ್ನು ನಾನು ಮಗುವಾಗಿದ್ದಾಗಲೇ, ಅಮ್ಮನ ಮಡಿಲಲ್ಲಿ, ನಟ್ಟನಡುವೆಯೇ ಕೇಳಿ ಮುಗಿಸಿದ್ದೆ. ಇಷ್ಟು ಖರ್ಚು ಮಾಡಿ ನಾನು ತಿರುಗಿ ಹುಡುಕುತ್ತಿದ್ದುದು ಅದನ್ನೇ ಇರಬಹುದು.

ಕುಣಿಗಲ್ಲಿನ ನಂಜುಂಡಪ್ಪ ಭಾವನಿಗೆ, ಅಂದರೆ ನಮ್ಮಕ್ಕನ ಗಂಡನಿಗೆ, ಈ ವಿಚಾರದಲ್ಲಿ ಬೇರೆಯದೇ ಅಭಿಪ್ರಾಯವಿತ್ತು. ಅವರದು ಮೈಕ್‌ಸೆಟ್ಟಿನ ವ್ಯಾಪಾರ. ಹುಲಿಯೂರುದುರ್ಗದಲ್ಲಿ ಮದುವೆಯಾದರೂ ಹುತ್ರಿದುರ್ಗದ ಕೆಳಗೆ ಗೃಹಪ್ರವೇಶವಾದರೂ ಭಾವನ ಕಂಬ ನಿಲ್ಲಲೇಬೇಕು. ಆ ಕಂಬದ ತುದಿಯಲ್ಲಿ ದಿಕ್ಕಿಗೊಂದರಂತೆ ನಾಲ್ಕು ಹಾರ್ನ್. ನಮ್ಮ ಮನೆಯ ನಾಲ್ಕು ಸ್ಪೀಕರು ನೋಡಿ ಅವರು ಸೊಂಟದ ಮೇಲೆ ಕೈಯಿಟ್ಟು ನಕ್ಕರು.

"ಏನ್ ಬಾಮೈದ, ನಾನೂ ನಾಕೇ ಕಟ್ಟೋದು, ನೀನೂ ನಾಕೇ ಕಟ್ಟಿದೀಯ. ನಾನು ಮಕ ಆಚೆಗೆ ತಿರುಗ್ಸಿ ಊರಿಗೆಲ್ಲಾ ಕೇಳುಸ್ತೀನಿ. ನೀನು ಒಳಕ್ಕೆ ತಿರುಗುಸ್ಕಂಡು ಒಬ್ನೇ ಕೇಳ್ತೀಯಲ್ಲಪ್ಪಾ!"

ಒಬ್ಬನೇ ಕೇಳುವುದಕ್ಕೂ ಜಾಗ ಸಿಕ್ಕಿಲ್ಲ ಎಂದು ಭಾವನ ಹತ್ತಿರ ಹೇಳಿಕೊಳ್ಳಲು ಮರ್ಯಾದೆ ಅಡ್ಡ ಬಂತು.

ಆದರೆ ನನ್ನ ಒಂಟಿತನ ಅಷ್ಟು ಹೊತ್ತಿಗೆ ಕಳೆದಿತ್ತು. ಅಮ್ಮನಿಗೆ ಆ ನಾಲ್ಕೂ ಸ್ಪೀಕರುಗಳು ಮನುಷ್ಯರಾಗಿಬಿಟ್ಟಿದ್ದವು. ಮುಂದೆ ಬಲಗಡೆ ಪಿಟೀಲಿನೋನು, ಎಡಗಡೆ ಹಾಡೋನು, ಹಿಂದೆ ಬಲಗಡೆ ಊದೋನು, ಈಶಾನ್ಯದಲ್ಲಿ ದೇವರ ಪಕ್ಕ ಬಡಿಯೋನು. ಬೇರೆ ಡಿಸ್ಕುಗಳಲ್ಲಿ ಹಾಡು ಬದಲಾದರೆ ಇವರು ಜಾಗ ಬದಲಾಯಿಸುವುದೂ ಉಂಟು. ಅದಕ್ಕೇ ಅವಳು ಗುಜರಿ ಅಂಗಡಿಯ ಆ ಮೊದಲ ಆಲ್ಬಮ್ಮನ್ನೇ ಹಾಕಿಸುತ್ತಿದ್ದಳು; ಅದರಲ್ಲಿ ಎಲ್ಲರೂ ಅವರವರ ಜಾಗದಲ್ಲಿ ನೆಟ್ಟಗೆ ಕೂರುತ್ತಿದ್ದರು. ಬೇರೆ ಡಿಸ್ಕುಗಳನ್ನು "ಅಲೆಮಾರಿಗಳು" ಎಂದು ತಳ್ಳಿಹಾಕಿದಳು. ನಾನು ಕಷ್ಟಪಟ್ಟು ಕೂಡಿಸಿದ ಸಂಗ್ರಹವೆಲ್ಲ ಶೋಕೇಸಿನಲ್ಲಿ ನಿಂತು, ಒಂದೇ ಡಿಸ್ಕು ದಿನವೂ ತಿರುಗಿತು.

ಒಂದು ಬೆಳಿಗ್ಗೆ ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಅಮ್ಮ ಕೈಯಲ್ಲಿದ್ದ ಮೆಂತ್ಯದ ಸೊಪ್ಪು ಕೆಳಗಿಟ್ಟು, "ಬಡಿಯೋನು ಬಂದಿಲ್ವಲ್ಲೋ ಇವತ್ತು?" ಎಂದಳು. ನನಗೆ ಗೊತ್ತೇ ಆಗಿರಲಿಲ್ಲ. ಹೋಗಿ ನೋಡಿದರೆ, ದೇವರ ಮುಂದೆ ಒಡೆದಿಟ್ಟ ತೆಂಗಿನಕಾಯಿ ಹೋಳಿಗೆ ಬಂದ ಇಲಿ ಪಕ್ಕದ ವೈರನ್ನೂ ಕಡಿದು ಹಾಕಿತ್ತು. ವೈರು ಜೋಡಿಸಿದೆ. ಬಡಿಯೋನು ಬಂದ. "ಹ್ಞಾ, ಈಗ ಸರೋಯ್ತು" ಎಂದು ಅಮ್ಮ ಸೊಪ್ಪು ಎತ್ತಿಕೊಂಡಳು. ನನ್ನ ಕೈಕೆಳಗೆ ಇಂಥವರು ಒಬ್ಬರಿದ್ದರೆ ಎಕ್ಸ್‌ಚೇಂಜಿಗೆ ಒಂದು ದೂರೂ ಬಾರದಂತೆ ಮಾಡಬಹುದಿತ್ತು ಎಂದು ಸರೋಜಳ ಹತ್ತಿರ ಅಮ್ಮನನ್ನು ಹೊಗಳಿದೆ.

ಅದಾಗಿ ಮೂರು ವರ್ಷವಾಗಿರಬೇಕು. ಒಂದು ಭಾನುವಾರ ಅಮ್ಮ ಮತ್ತೆ ಅದನ್ನೇ ಹೇಳಿದಳು. "ಬಡಿಯೋನು ಬಂದಿಲ್ಲ ಕಣ್ಲಾ. ಹಾಡೋನೂ ಯಾಕೋ ದೂರ ಹೋಗಿ ಕೂತವ್ನೆ."

ನಾನು ಇಲಿಗೆ ಬೈಯುತ್ತ ಎದ್ದೆ. ವೈರು ಸರಿಯಿತ್ತು. ಆದರೂ ಅಮ್ಮನ ಮಾತು ತಪ್ಪುವುದಿಲ್ಲವೆಂಬ ನಂಬಿಕೆಯಿಂದ ಹೊಸ ವೈರು ಎಳೆದೆ. ಅಮ್ಮ ತಲೆಯಾಡಿಸಿದಳು. ಸ್ಪೀಕರಿನ ಹತ್ತಿರ ಹೋದರೆ ನನಗೇನೋ ಡ್ರಮ್ಮು ಕೇಳುತ್ತಿತ್ತು. ಆದರೆ ನಟ್ಟನಡುವೆ ಕೂತು ಕೇಳಿದ ಅನುಭವ ನನಗೆಲ್ಲಿತ್ತು? ಸದ್ದು ಕಡಿಮೆಯಾಗಿರಬೇಕು ಎಂದುಕೊಂಡೆ. ಕುಣಿಗಲ್ಲಿಗೆ ಫೋನ್ ಮಾಡಿದೆ. ಮುಂದಿನ ಭಾನುವಾರ ಭಾವ ತಮ್ಮ ಸಾಮಾನಿನ ಚೀಲ ಹೊತ್ತು ಬಂದು, ಆಂಪ್ಲಿಫೈಯರನ್ನು ಬಿಚ್ಚಿ, ಹಾಲಿನ ತುಂಬ ಹರಡಿಕೊಂಡು, ಮಧ್ಯಾಹ್ನದ ಊಟದವರೆಗೂ ತಿಣುಕಿದರು. ದೋಷ ಸಿಗಲಿಲ್ಲ. ಕೊನೆಗೆ ಎಡಗಡೆಯ ಸ್ಪೀಕರುಗಳನ್ನು ಬಲಗಡೆಗೂ ಬಲಗಡೆಯವನ್ನು ಎಡಗಡೆಗೂ ಬದಲಿಸಿ ಹಾಡು ಹಚ್ಚಿದರು.

"ಈಗ ಹೇಳಿ ಅತ್ತೆ."

"ಇಲ್ಲ ಕಣ್ರಪ್ಪ. ಈ ಕಡೆ ಯಾರೂ ಇಲ್ಲ" ಎಂದು ಅಮ್ಮ ತನ್ನ ಎಡಗೈಯನ್ನು ಗಾಳಿಯಲ್ಲಿ ಆಡಿಸಿದಳು.

ನಮ್ಮ ಇಲಾಖೆಯಲ್ಲಿ ಒಂದು ಪದ್ಧತಿಯಿದೆ. ಫೋನ್ ಕೇಳಿಸುತ್ತಿಲ್ಲವೆಂದು ದೂರು ಬಂದರೆ ಮೊದಲು ನಮ್ಮ ಕಡೆಯ ಲೈನು ನೋಡುತ್ತೇವೆ. ಅದು ಸರಿಯಿದ್ದರೆ, ಸ್ವಲ್ಪ ಜಂಬದಿಂದಲೇ, "ಲೈನು ಸರಿ ಇದೆ ಸಾರ್, ನಿಮ್ಮ ಕಡೆ ನೋಡ್ಕೊಳ್ಳಿ" ಎನ್ನುತ್ತೇವೆ. ಈ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಮಧ್ಯಾಹ್ನ ಅದೇ ಮಾತು ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಆಗ ನನಗೆ ಅರ್ಥವಾಯಿತು. ಭಾವನಿಗೂ ಅರ್ಥವಾಗಿತ್ತು. ಅವರು ನಗುಮುಖ ಇಳಿಸಿ, ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. "ವೈರ್‌ದೇ ಏನೋ ಇರಬೇಕಮ್ಮ, ನೋಡೋಣ" ಎಂದೆ.

ಕಿವಿ ಡಾಕ್ಟರು ನರ ಸೋತಿದೆ ಎಂದರು. ಬಲಗಿವಿ ಗಟ್ಟಿಯಾಗಿದೆ, ಎಡದ್ದು ತಿರುಗಿ ಬರುವುದಿಲ್ಲ, ಮಿಷನ್ನು ಹಾಕಿದರೂ ಅಷ್ಟೇ ಎಂದರು. ಅಮ್ಮ ಅಳಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಸೌತೆಕಾಯಿ ಚೌಕಾಸಿ ಮಾಡಿಕೊಂಡು ಬಂದಳು. ಆದರೆ ಮನೆಗೆ ಬಂದು ಮಣೆಯ ಮೇಲೆ ಕೂತವಳು ಈಶಾನ್ಯದ ಕಡೆ ಒಂದು ಸಲ ತಿರುಗಿ ನೋಡಿ, "ಅವ್ನು ಬರ್ತಾನೇ ಅವ್ನೆ, ನಂಗೇ ಗೊತ್ತಾಗ್ತಿಲ್ಲ ಅನ್ನು" ಎಂದಳು. ನನಗೆ ಅಳು ಬಂದದ್ದು ಆಗ.

ಮರುದಿನ ಅಮ್ಮ ತರಕಾರಿ ಗಾಡಿಯವನ ಹತ್ತಿರ ಹೋದಾಗ ನಾನು ನನ್ನ ಹುಚ್ಚಿನ ಶಾಸ್ತ್ರವನ್ನೆಲ್ಲ ಗಾಳಿಗೆ ತೂರಿ, ನಾಲ್ಕೂ ಸ್ಪೀಕರುಗಳನ್ನು ಎತ್ತಿ ಮಣೆಯ ಬಲಗಡೆ ಸಾಲಾಗಿ ಇಟ್ಟೆ. ಈ ಸಂಗೀತದ ಭಕ್ತರು ನೋಡಿದ್ದರೆ ನನ್ನನ್ನು ಪಂಕ್ತಿಯಿಂದ ಎಬ್ಬಿಸುತ್ತಿದ್ದರು. ಅಮ್ಮ ಬಂದು ಕೂತಳು. ಹಾಡು ಹಾಕಿದೆ. ಡ್ರಮ್ಮು ಚೆನ್ನಾಗಿಯೇ ಕೇಳಿಸಿರಬೇಕು, ಹುಬ್ಬೇರಿಸಿದಳು. ಆದರೆ ಸ್ವಲ್ಪ ಹೊತ್ತಿಗೆ ಮುಖ ಸಪ್ಪಗಾಯಿತು.

"ಯಾಕ್ಲಾ ಎಲ್ರನ್ನೂ ತಂದು ಈ ಕಡೆ ಗುಡ್ಡೆ ಹಾಕಿದೀಯ? ಬಸ್ಸಲ್ಲಿ ಸೀಟಿಗೆ ಬಿದ್ದಂಗೆ ಒಬ್ರ ಮ್ಯಾಲೊಬ್ರು ಬೀಳ್ತಾವ್ರೆ. ಅವ್ರವ್ರ ಜಾಗ್ದಾಗೆ ಇರ್ಲಿ ಬುಡು. ನಂಗೆ ಕೇಳ್ಸಲ್ಲ ಅಂತ ದೇವ್ರ ಪಕ್ಕದೋನ್ನ ಎಬ್ಬುಸ್ತಾರಾ?"

ಎಲ್ಲವನ್ನೂ ತಿರುಗಿ ಅವರವರ ಮೂಲೆಗೆ ಇಟ್ಟೆ. ಹಾಡು ಮೊದಲಿನಿಂದ ಶುರುವಾಯಿತು. ನಾನು ಬಾಗಿಲ ಸಂದಿಗೆ ಹೋಗದೆ ಅಮ್ಮನ ಎಡಗಡೆ, ಒಂದಿಷ್ಟು ಹಿಂದಕ್ಕೆ, ನೆಲದ ಮೇಲೆ ಕೂತೆ. ಡ್ರಮ್ಮು ಬರುವ ಹೊತ್ತಿಗೆ ಏನೆನ್ನಿಸಿತೋ, ಅವಳ ಎಡಭುಜದ ಮೇಲೆ ಬೆರಳಿನಿಂದ ಅದೇ ತಾಳ ಹಾಕಿದೆ. ಅಮ್ಮ ಬೆಚ್ಚಿ ತಿರುಗಿದಳು, ಮೊದಲ ದಿನ ತಿರುಗಿದ ಹಾಗೆಯೇ. ನನ್ನನ್ನು ನೋಡಿ, ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಭುಜ ಸರಿಸಿಕೊಳ್ಳಲಿಲ್ಲ.

ಆವತ್ತಿನಿಂದ ಅದು ನನ್ನ ಜಾಗ. ಈಚೆಗೆ ಹೊಸ ಡಿಸ್ಕುಗಳನ್ನು ತರಿಸುವುದು ಕಡಿಮೆಯಾಗಿದೆ. ಇರುವ ಒಂದರ ತಾಳ ಕಲಿಯುವುದೇ ಕೈತುಂಬ ಕೆಲಸವಾಗಿದೆ. ನಡುವಿನ ಜಾಗದಲ್ಲಿ ಸಂಗೀತ ಹೇಗೆ ಕೇಳುತ್ತದೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗದಿದ್ದರೂ ಪರವಾಗಿಲ್ಲ ಎನ್ನಿಸಿದೆ.

ಮೊನ್ನೆ ಬೆಳಿಗ್ಗೆ, ಹಿಂದಿನ ದಿನ ಆಫೀಸಿನಲ್ಲಿ ಓಡಾಡಿ ದಣಿದಿದ್ದೆನೋ ಏನೋ, ಕೂತಲ್ಲೇ ತೂಕಡಿಕೆ ಬಂದು ಬೆರಳು ನಿಂತುಹೋಯಿತು. ಅಮ್ಮ ತಿರುಗದೆಯೇ ಕೇಳಿದಳು:

"ಯಾಕಪ್ಪಾ ಬಡಿಯೋನೆ, ಇವತ್ತು ಕಾಪಿ ಕುಡಿದಿಲ್ವಾ?"

ತಕ್ಷಣ ಬೆರಳು ಆಡಿಸಿದೆ. ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿ, ಒಂದು ಕ್ಷಣ ಬಿಟ್ಟು, ತಾಳ ಸರಿಯಾಗಿ ಬೀಳುವ ಕಡೆ ಶುರುಮಾಡಿಸಿದಳು.