ಹೊಗೆಗೊಳವೆ ರಾಕ್ಷಸನ ಜಾಗ

ತೊಗಲುಗೊಂಬೆ ಆಡಿಸುವವನೆಂಬ ಗೌರವಕ್ಕೆ ಊರು ‘ಕಿ’ ಎಂದು ಕರೆಯುತ್ತಿದ್ದ ವಿಡಿಹಾರ್ಜೊ ಹುಟ್ಟಿದಾಗಿನಿಂದ ಯಾರಿಗೂ ‘ಆಗಲ್ಲ’ ಎಂದವನಲ್ಲ. ಜಾವಾದಲ್ಲಿ ಹಾಗೆನ್ನುವುದು ಒರಟುತನ, ನಿಜ. ಆದರೆ ಉಳಿದವರು ‘ನೋಡೋಣ’ ಎಂದು ಜಾರಿಕೊಳ್ಳುವ ಕಡೆ ಇವನು ‘ಆಗಲಿ’ ಎಂದುಬಿಡುತ್ತಿದ್ದ. ಒಮ್ಮೆ ಒಂದೇ ರಾತ್ರಿಗೆ ಎರಡು ಮದುವೆಯ ಆಟ ಒಪ್ಪಿಕೊಂಡು, ಅರ್ಧ ಯುದ್ಧವನ್ನು ಒಂದೂರಲ್ಲೂ ಉಳಿದರ್ಧವನ್ನು ಇನ್ನೊಂದೂರಲ್ಲೂ ಮುಗಿಸಿ ಬಂದಿದ್ದ.

ಈ ಸಲದ ಸಮುದ್ರಪೂಜೆಗೆ ಅವನು ಹೊಸ ರಾಕ್ಷಸನನ್ನು ಕೊರೆದ. ಊರಂಚಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆಗೊಳವೆಗೆ ಕೋರೆಹಲ್ಲು, ಗುಡ್ಡೆಗಣ್ಣು ಬಂದವು. ಹೊಗೆಯೇ ಅದರ ಕೈ. ಕಡ್ಡಿ ಆಡಿಸಿದರೆ ಮೀನುದೋಣಿಗಳತ್ತ ಚಾಚುತ್ತಿತ್ತು. ಎಮ್ಮೆಯ ತೊಗಲಿಗೆ ಬಳಿದ ಕಪ್ಪು ಅವನ ಮನೆ ಕಿಟಕಿಯ ಮೇಲೆ ಕೂತ ಮಸಿ.

“ಸಾಲದಿದ್ರೆ ಒಣಗಾಕಿರೋ ಬಟ್ಟೆ ಮೇಲೂ ಇದೆ, ಕೊಡವ್ಕೊಳ್ಳಿ,” ಎಂದಳು ಹೆಂಡತಿ ತುಮಿ.

ವೀರರ ಗೊಂಬೆಗಳನ್ನು ಆಟಗಾರನ ಬಲಕ್ಕೆ, ದುಷ್ಟರವನ್ನು ಎಡಕ್ಕೆ ಬಾಳೆದಿಂಡಿಗೆ ಚುಚ್ಚಿ ನಿಲ್ಲಿಸುವುದು ಪದ್ಧತಿ. ಮೀನು ಒಣಗಿಸುವ ಕಾರ್ಸಿ ಅದನ್ನೇ ಕೇಳಲು ಬಂದಳು. ಅವಳಿಗೆ ಅವನು ‘ಕಾಂಗ್’, ಅಂದರೆ ಅಣ್ಣ.

“ಕಾಂಗ್ ವಿಡಿ, ಅದು ಎಡಕ್ಕೆ ತಾನೇ? ನನ್ನ ಮೀನೆಲ್ಲ ಮಸಿ ತಿಂದು ಕೂತಿದೆ. ಅದನ್ನ ವೀರರ ಪಕ್ಕ ನಿಲ್ಸಿದ್ರೆ ಈ ಕೇರಿಯೋರು ಇನ್ಯಾವತ್ತೂ ನಿಮ್ಮ ಆಟಕ್ಕೆ ಬರಲ್ಲ.”

“ಎಡಕ್ಕೇ.”

ಚಪ್ಪರ ಹಾಕಿಸಿಕೊಟ್ಟವರು ಸ್ಥಾವರದವರು. ಮರುದಿನ ಅವರ ಅಧಿಕಾರಿ ಹೆಂದಾರ್ತೊ ಬಂದ. “ಕಿ, ನಮ್ಮ ಗೊಂಬೆ ಬಲಕ್ಕಿರ್ಲಿ. ಊರಿಗೆ ಬೆಳಕು ಕೊಡೋರು ನಾವಲ್ವಾ?”

“ಬಲಕ್ಕೇ, ಬಾಪಕ್,” ಎಂದ ವಿಡಿಹಾರ್ಜೊ, ಸಾಹೇಬರಿಗೆ ಸಲ್ಲುವ ಮರ್ಯಾದೆ ಸೇರಿಸಿ.

ಅವನು ಹೋದ ಮೇಲೆ ತುಮಿ ಕೇಳಿದಳು: “ಈಗೇನ್ರೀ, ಗೊಂಬೇನ ನಡುವೆ ಸೀಳ್ತೀರಾ?”

ವಿಡಿಹಾರ್ಜೊ ಇಡೀ ದಿನ ಯೋಚಿಸಿ ದಾರಿ ಕಂಡುಕೊಂಡ. ಹೆಂದಾರ್ತೊನಂಥ ಗಣ್ಯರನ್ನು ಹಳೆಯ ಸಂಪ್ರದಾಯದಂತೆ ಪರದೆಯ ಆಚೆ, ನೆರಳು ಕಾಣುವ ಕಡೆ ಕೂರಿಸಿದರಾಯಿತು. ಊರವರು ಎಂದಿನಂತೆ ತನ್ನ ಬೆನ್ನ ಹಿಂದೆ. ತನ್ನ ಎಡ ಅವರಿಗೂ ಎಡ, ಆಚೆಯವರಿಗೆ ಬಲ. ಎರಡು ಮಾತೂ ಉಳಿದವು.

ಆಟದ ಸಂಜೆ ಅದು ಚೆನ್ನಾಗಿಯೇ ನಡೆಯಿತು. ಪರದೆಯ ದೀಪಕ್ಕೂ ವಿದ್ಯುತ್ತು ಅದೇ ಸ್ಥಾವರದ್ದಾದ್ದರಿಂದ ಹೊಗೆಗೊಳವೆಯ ನೆರಳು ಅದರದೇ ಬೆಳಕಿನಲ್ಲಿ ಬಿದ್ದಿತ್ತು. ಆಚೆ ಹೆಂದಾರ್ತೊ ಚಪ್ಪಾಳೆ ತಟ್ಟಿದ, ಈಚೆ ಕಾರ್ಸಿ ತಲೆದೂಗಿದಳು. ಆದರೆ ನೆರಳಿನ ಫೋಟೋದಲ್ಲಿ ಬಣ್ಣ ಬರುವುದಿಲ್ಲ. ಬಣ್ಣದ ಫೋಟೋ ಬೇಕೆಂದು ಹೆಂದಾರ್ತೊ ಮೊಬೈಲು ಹಿಡಿದು ಪರದೆ ಸುತ್ತಿ ಈಚೆ ಬಂದುಬಿಟ್ಟ.

“ಕಿ, ಇದೇನಿದು? ಬಲಕ್ಕೆ ಅಂದಿದ್ರಿ!”

“ನೀವು ಕೂತಿದ್ದಾಗ ಬಲಕ್ಕೇ ಇತ್ತು, ಬಾಪಕ್.”

ಕಾರ್ಸಿ ಚಾಪೆಯಿಂದ ಎದ್ದು ನಿಂತಳು. “ಓಹೋ, ಅವರಿಗೂ ಮಾತು ಕೊಟ್ಟಾಗಿತ್ತಾ?”

ಗಮೆಲಾನ್ ವಾದ್ಯಗಳು ಒಂದೊಂದಾಗಿ ನಿಂತವು. ಇಡೀ ಕೇರಿ ಅವನ ಬೆನ್ನನ್ನೇ ನೋಡುತ್ತಿತ್ತು. “ಇರ್ಲಿ, ಈಗ ಆ ಕಡೆಗೆ ಇಡಿ,” ಎಂದ ಹೆಂದಾರ್ತೊ, ಮೆಲ್ಲಗೆ.

ವಿಡಿಹಾರ್ಜೊ ಗೊಂಬೆಯನ್ನು ಕಿತ್ತ. ಬಲಕ್ಕೊಮ್ಮೆ ನೋಡಿದ, ಬೆವರು ಒರೆಸಿಕೊಂಡ. ಆಮೇಲೆ ಅದನ್ನು ಎಡಗಡೆಯ ದಿಂಡಿಗೇ ಹಿಡಿಯವರೆಗೆ ಚುಚ್ಚಿದ.

“ಆಗಲ್ಲ, ಬಾಪಕ್. ಆಟ ಆಡ್ಸೋನು ಕೂತಿರೋದು ಈ ಕಡೆ.”

ಹೆಂಡತಿಯ ಕೈಯ ಚಹಾ ಲೋಟ ಜಾರಿತು. ಹೆಂದಾರ್ತೊ ಸಿಟ್ಟು ಮಾಡಬೇಕೋ ಹಿಂತಿರುಗಬೇಕೋ ತಿಳಿಯದೆ ನಿಂತೇ ಇದ್ದ. ಪರದೆಗೆ ಅಡ್ಡವಾಗಿದ್ದ ಅವನ ಅಂಗಿ ಹಿಡಿದು ಕಾರ್ಸಿ ಚಾಪೆಗೆ ಎಳೆದಳು.

“ಕೂತ್ಕೊಳ್ಳಿ ಸುಮ್ನೆ, ನಮಗೆ ಕಾಣ್ಸಲ್ಲ. ನಿಮ್ಮ ರಾಕ್ಷಸ ಸಾಯೋದು ಇನ್ನೂ ಬಾಕಿ ಇದೆ.”