ನಮ್ಮ ತಿಪ್ಪೇಶಿಯ ದ್ವೀಪ

ನಮ್ಮ ಕಡೆಯವರಿಗೆ ನೀರಿನ ವಿಷಯದಲ್ಲಿ ಉತ್ಪ್ರೇಕ್ಷೆ ಹುಟ್ಟುಗುಣ. ಸೊಂಟ ಮುಳುಗುವಷ್ಟು ನೀರು ಒಂದೆಡೆ ನಿಂತಿತೋ, ಅದಕ್ಕೆ ಸಮುದ್ರವೆಂದೋ ಸಾಗರವೆಂದೋ ಹೆಸರಿಟ್ಟುಬಿಡುತ್ತೇವೆ. ನಾನು ಮದುವೆಯಾಗಿ ಬಂದ ಹೊಳಲ್ಕೆರೆಯ ಹತ್ತಿರ ಒಂದು ಕೆರೆಯಿದೆ. ಅದಿರುವ ಊರಿನ ಹೆಸರೇ ಭೀಮಸಮುದ್ರ. ನನ್ನ ತವರಾದ ಹಿರಿಯೂರಿನ ಆಚೆ, ಗುಡ್ಡಗಳ ನಡುವೆ ಹೊಳೆಗೆ ಅಡ್ಡಗಟ್ಟಿದ ಮಾರಿಕಣಿವೆಯ ನೀರಿಗೆ ವಾಣಿವಿಲಾಸ ಸಾಗರವೆಂದು ಹೆಸರು. ಕರಾವಳಿಯವರನ್ನು ನೋಡಿ. ಕಣ್ಣು ಹಾಯುವಷ್ಟು ದೂರ ಮುಗಿಯದ ನೀರಿಟ್ಟುಕೊಂಡೂ, ಹಿತ್ತಿಲಿನ ಹೆಸರು ಹೇಳಿದಷ್ಟು ಸಲೀಸಾಗಿ ‘ಕಡಲು’ ಎಂದು ಸುಮ್ಮನಾಗುತ್ತಾರೆ. ಉಳ್ಳವರಿಗೆ ವಿಶೇಷಣಗಳ ಹಂಗಿಲ್ಲ.

ಇನ್ನು ದ್ವೀಪದ ಮಾತು. ಪುರೋಹಿತರು ನಮ್ಮನ್ನು ಮಣೆಯ ಮೇಲೆ ಕೂರಿಸಿದಾಗಲೆಲ್ಲ ‘ಜಂಬೂದ್ವೀಪೇ’ ಎಂದೇ ಸಂಕಲ್ಪ ಶುರು ಮಾಡುವುದರಿಂದ, ಶಾಸ್ತ್ರದ ಪ್ರಕಾರ ನಾವೆಲ್ಲ ಹುಟ್ಟಾ ದ್ವೀಪವಾಸಿಗಳೇ. ಬಾವಿಯಲ್ಲಿ ಕೊಡ ತಳಕ್ಕೆ ಬಡಿಯುವ ಸದ್ದು ಕೇಳುತ್ತಾ, ಸುತ್ತ ಏಳು ಸಮುದ್ರಗಳಿವೆಯೆಂದು ನಂಬಿ ಅಕ್ಷತೆ ಹಾಕುವುದಕ್ಕೆ ದೊಡ್ಡ ಮನಸ್ಸೇ ಬೇಕು. ಅಂಥ ದೊಡ್ಡ ಮನಸ್ಸು ನನ್ನ ತಮ್ಮ ತಿಪ್ಪೇಶಿಗೆ ಇತ್ತು. ಅವನಿಗೆ ಇದ್ದದ್ದು ಅದೊಂದೇ ಎಂದು ನಮ್ಮ ಅಪ್ಪ ಹೇಳುತ್ತಿದ್ದರು.

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ತಿಪ್ಪೇಶಿ ಹಿರಿಯೂರಿನಲ್ಲಿ ಸೈಕಲ್ ಶಾಪು ಇಟ್ಟ, ಮುಚ್ಚಿದ. ಹೊಲಿಗೆ ಯಂತ್ರದ ಏಜೆಂಟನಾದ. ಅಮ್ಮನಿಗೆ ಮಾರಿದ ಒಂದು ಯಂತ್ರದೊಂದಿಗೆ ಆ ವ್ಯಾಪಾರವೂ ಮುಗಿಯಿತು. ಆಮೇಲೊಮ್ಮೆ ಈರುಳ್ಳಿ ಲೋಡಿನ ಲಾರಿ ಹತ್ತಿ ಗೋವಾಕ್ಕೆ ಹೋದವನು ವಾರದ ನಂತರ ಕಪ್ಪು ಕನ್ನಡಕ, ಗಾಲಿಯಗಲದ ಬೆಲ್ ಬಾಟಮ್ ಪ್ಯಾಂಟು, ಕೊರಳಲ್ಲೊಂದು ಸೀಟಿ, ಇಷ್ಟರ ಸಮೇತ ಇಳಿದ. ಅಲ್ಲಿ ಒಬ್ಬ ಮನುಷ್ಯ ಏಳೆಂಟು ಜನ ಬಿಳಿಯರನ್ನು ದೋಣಿಯಲ್ಲಿ ಕೂರಿಸಿಕೊಂಡು ಯಾವುದೋ ದ್ವೀಪಕ್ಕೆ ಕರೆದೊಯ್ದದ್ದನ್ನು ಕಂಡನಂತೆ. “ಅಕ್ಕಾ, ಅವ್ನು ಮಾಡಿದ್ದು ಏನೂ ಇಲ್ಲ. ಸುಮ್ನೆ ಕೈ ತೋರ್ಸಿದ. ಜನ ನೋಡಿದ್ರು,” ಎಂದ. ಕೈ ತೋರಿಸುವ ಕೆಲಸ ತನಗೆ ಒಗ್ಗುವಂಥದೆಂದು ಅವನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹಿರಿಯೂರಿನ ಪ್ರೆಸ್ಸಿನಲ್ಲಿ ಕರಪತ್ರ ಅಚ್ಚಾಯಿತು. ‘ನಿರ್ಜನ ದ್ವೀಪ, ನುಣ್ಣನೆಯ ಮರಳು, ಸಣ್ಣ ಗುಂಪು, ನುರಿತ ಮಾರ್ಗದರ್ಶಿ.’ ಸಣ್ಣ ಗುಂಪೆಂಬುದು ಸತ್ಯ, ಏಕೆಂದರೆ ಯಾರೂ ಹೆಸರು ಕೊಟ್ಟಿರಲಿಲ್ಲ. ನುರಿತದ್ದು ಹೇಗೆಂದು ಕೇಳಿದ್ದಕ್ಕೆ, ದಸರೆಯ ಹೊತ್ತಿಗೆ ಹರಿಗೋಲಿನಲ್ಲಿ ಒಬ್ಬನೇ ಹೋಗಿ ಮಾರಿಕಣಿವೆಯ ಹಿನ್ನೀರಿನ ನಡುವೆ ಒಂದು ದ್ವೀಪ ಗೊತ್ತು ಮಾಡಿಕೊಂಡು ಬಂದಿರುವುದಾಗಿ ತಿಳಿಸಿದ.

ಇದೇ ಸಮಯಕ್ಕೆ ಅವನಿಗೆ ಹೆಣ್ಣು ನೋಡುವ ಮಾತು ನಡೆಯಿತು. ಹೊಳಲ್ಕೆರೆಯ ನಮ್ಮ ಬೀದಿಯಲ್ಲೇ ಗುರುಸಿದ್ದಪ್ಪನವರೆಂಬ ನಿವೃತ್ತ ರೆವಿನ್ಯೂ ಇನ್‌ಸ್ಪೆಕ್ಟರ್ ಇದ್ದರು. ಅವರ ಮಗಳು ಶಾರದೆ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿಯುತ್ತಿದ್ದ, ಮಾತು ಕಡಿಮೆಯ, ಕಣ್ಣು ಚುರುಕಿನ ಹುಡುಗಿ. ನಾನೇ ಪ್ರಸ್ತಾಪ ಮಾಡಿದೆ. ಗುರುಸಿದ್ದಪ್ಪನವರು ಜಾತಕವನ್ನು ಪಕ್ಕಕ್ಕಿಟ್ಟು, “ಹುಡ್ಗ ಏನ್ ಕೆಲ್ಸ ಮಾಡ್ತಾನಮ್ಮ?” ಎಂದರು. ನಾನು ‘ಗೈಡು’ ಎಂದೆ. ಅವರು ಸೇವೆಯಲ್ಲಿದ್ದಷ್ಟು ಕಾಲ ಸ್ಥಳ ಪರಿಶೀಲನೆಯಿಲ್ಲದೆ ಒಂದು ಗುಂಟೆಗೂ ಸಹಿ ಹಾಕಿದವರಲ್ಲ. “ಹಂಗಾದ್ರೆ ಕೆಲ್ಸ ನೋಡಾಣ,” ಎಂದರು. ಒಳಗಿನಿಂದ ಶಾರದೆ, “ನಾನೂ ಬರ್ತೀನಿ,” ಎಂದಳು. ಸಾಮಾನ್ಯವಾಗಿ ಹುಡುಗನ ಕಡೆಯವರು ಉಪ್ಪಿಟ್ಟು ತಿಂದು ಹುಡುಗಿಯನ್ನು ನೋಡುತ್ತಾರೆ. ನಮ್ಮಲ್ಲಿ ಹುಡುಗಿಯ ಕಡೆಯವರು ಬುತ್ತಿ ಕಟ್ಟಿಕೊಂಡು ಹುಡುಗನ ದ್ವೀಪ ನೋಡುವುದೆಂದಾಯಿತು.

ಚಳಿಗಾಲ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ. ನಾವು ಮೂವರು ಬೆಳಗಿನ ಬಸ್ಸು ಹಿಡಿದು, ಐಮಂಗಲದಲ್ಲಿ ಚಹಾ ಕುಡಿದು, ಹಿರಿಯೂರಿಗೆ ಇಳಿದಾಗ ತಿಪ್ಪೇಶಿ ಸೀಟಿ ಊದಿ ಸ್ವಾಗತಿಸಿದ. ಮೂರೇ ಜನ ಕಾಣಿಸುತ್ತಿದ್ದರೂ, “ಎಲ್ಲಾರೂ ಒಟ್ಟಿಗೇ ಇರ್ರಿ, ಗುಂಪು ಬಿಟ್ಟು ಹೋಗಬ್ಯಾಡ್ರಿ,” ಎಂದ. ಅವನ ಹೆಗಲಿಗೆ ಗಾಳಿ ತುಂಬಿದ ಲಾರಿ ಟ್ಯೂಬು ಇತ್ತು. ಅದೇಕೆಂದು ಗುರುಸಿದ್ದಪ್ಪನವರು ಕೇಳಿದಾಗ, “ಸೇಫ್ಟಿ ಸಾರ್,” ಎಂದ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುಲುಕಾಡಿಕೊಂಡು ಹಿನ್ನೀರಿನ ದಡ ಸೇರಿದೆವು. ಅಲ್ಲಿ ಮೈಲಾರಪ್ಪನೆಂಬ ಅಂಬಿಗ ಹರಿಗೋಲು ಹಿಡಿದು ಕಾದಿದ್ದ.

ಹರಿಗೋಲು ಬುಟ್ಟಿಯ ಜಾತಿಯದು. ಅದಕ್ಕೆ ಹಿಂದು ಮುಂದು ಇಲ್ಲ. ಸುತ್ತುತ್ತಾ ಹೋಗುವಾಗ ಗುರುಸಿದ್ದಪ್ಪನವರ ಮುಖ ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ ತಿರುಗುತ್ತಿತ್ತು. ತಿಪ್ಪೇಶಿ ಒಂದೊಂದು ಸುತ್ತಿಗೂ ಅದೇ ಗುಡ್ಡವನ್ನು ಹೊಸದೆಂಬಂತೆ ತೋರಿಸುತ್ತಿದ್ದ. ಶಾರದೆ ಸೆರಗಿನ ತುದಿ ಕಚ್ಚಿಕೊಂಡದ್ದು ಭಯಕ್ಕೋ ನಗುವಿಗೋ ನನಗೆ ಆಗ ಗೊತ್ತಾಗಲಿಲ್ಲ. ಕುರುಚಲು ಬೆಳೆದ ಒಂದು ದಿಬ್ಬದ ಬುಡದಲ್ಲಿ ನಮ್ಮನ್ನು ಇಳಿಸಿದ ಮೈಲಾರಪ್ಪ, ಬಲೆ ನೋಡಿಕೊಂಡು ಹೊತ್ತಿಳಿಯುವ ಮುಂಚೆ ಬರುವುದಾಗಿ ಹೇಳಿ ಹೊರಟುಹೋದ.

“ಇದೇ ಬೀಚು,” ಎಂದ ತಿಪ್ಪೇಶಿ.

ನಿಜಕ್ಕೂ ಚೆಲುವಾದ ಜಾಗ. ಹಿಡಿದರೆ ಬೆರಳ ಸಂದಿಯಲ್ಲಿ ಜಾರುವ ಮರಳು, ಆಚೆಗೆ ನೀಲಿ ನೀರು, ಅದರ ಮೇಲೊಂದು ಕೊಕ್ಕರೆ. ಇಷ್ಟಕ್ಕೆ ನಿಲ್ಲಿಸಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಆದರೆ ಮಾರ್ಗದರ್ಶಿಯಾದವನು ಸುಮ್ಮನಿರುವಂತಿಲ್ಲವಲ್ಲ. ಗೋವಾದಲ್ಲಿ ಬಿಳಿಯರು ಹೀಗೇ ಮರಳಿನ ಮೇಲೆ ಬಿಸಿಲಿಗೆ ಮೈಯೊಡ್ಡಿ ದಿನವಿಡೀ ಮಲಗುತ್ತಾರೆ, ಅದಕ್ಕೆ ಸನ್ ಬಾತ್ ಎನ್ನುತ್ತಾರೆ ಎಂದು ವಿವರಿಸಿದ.

“ಬಿಸ್ಲು ಕಾಯಾಕೆ ಇಲ್ಲೀಗಂಟ ಬರ್ಬೇಕಿತ್ತೇನಪ್ಪ?” ಎಂದರು ಗುರುಸಿದ್ದಪ್ಪನವರು ಕೊಡೆ ಬಿಚ್ಚುತ್ತಾ. “ನಮ್ಮನೆ ಮಾಳಿಗೆ ಮ್ಯಾಲೆ ಹಪ್ಳದ ಜತೀಗೆ ಕುಂತ್ಕಳ್ತಿದ್ದೆ.”

ಶಾರದೆ ಈ ಸಲ ಸೆರಗು ಕಚ್ಚಲಿಲ್ಲ. ಗಟ್ಟಿಯಾಗಿಯೇ ನಕ್ಕಳು. ತಿಪ್ಪೇಶಿ ಕನ್ನಡಕ ತೆಗೆದು ಒರೆಸಿಕೊಂಡು, ಆ ನಗು ಯಾರ ಪರ ಎಂದು ತೀರ್ಮಾನಿಸಲಾಗದೆ ಮತ್ತೆ ಹಾಕಿಕೊಂಡ.

ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ತಿಂದೆವು. ಊಟದ ಮೇಲೆ ಅಡ್ಡಾಡಲು ಹೋದ ಗುರುಸಿದ್ದಪ್ಪನವರು ನೆಲ ನೋಡುತ್ತಾ ನಿಂತುಬಿಟ್ಟರು. “ಏನಪ್ಪ, ಇಲ್ಲಿ ಕುರಿ ಹಿಕ್ಕೆ ಬಿದ್ದಾವೆ.”

“ಯಾವ್ದಾರ ಕಾಡುಪ್ರಾಣೀದು ಇರ್ಬೋದು ಸಾರ್,” ಎಂದ ತಿಪ್ಪೇಶಿ. ತಾವು ಕುರಿಯ ಹಿಕ್ಕೆಯನ್ನು ಗುರುತಿಸದ ಸ್ಥಿತಿಗೆ ಬಂದಿಲ್ಲವೆಂದು ಅವರು ಹೇಳುವಷ್ಟರಲ್ಲಿ ಗಾಳಿ ಎದ್ದಿತು. ನೋಡನೋಡುತ್ತಿದ್ದಂತೆ ನೀರಿನ ಮೈ ಸುಕ್ಕುಗಟ್ಟಿ, ಅಲೆಗಳು ಮರಳಿಗೆ ಬಡಿಯತೊಡಗಿದವು. ಇಂಥ ಗಾಳಿಯಲ್ಲಿ ಹರಿಗೋಲು ಬಿಡುವುದಿಲ್ಲವೆಂಬುದು ನನಗೂ ಗೊತ್ತಿತ್ತು.

ಗುರುಸಿದ್ದಪ್ಪನವರು ವಿಚಾರಣೆಗೆ ಕೂತರು. ಗಾಳಿ ನಿಲ್ಲದಿದ್ದರೆ ಏನು ಏರ್ಪಾಡು? ಕುಡಿಯುವ ನೀರು ಎಷ್ಟಿದೆ? ನಿನಗೆ ಈಜು ಬರುತ್ತದೆಯೇ?

“ಇಲ್ಲ ಸಾರ್.”

“ಗೈಡು ಅಂತೀಯ.”

“ಗೈಡು ತೋರ್ಸಾನು ಸಾರ್, ಈಜಾನಲ್ಲ.”

ಅವನ ಬಾಯಲ್ಲಿ ಧೈರ್ಯವಿತ್ತಾದರೂ ಮುಖದಲ್ಲಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕಾ, ಇದೂ ಹೋತು ಕಣೆ,” ಎಂದ. ಅಷ್ಟು ವರ್ಷ ಅವನ ಅಂಗಡಿಗಳು ಮುಚ್ಚಿದಾಗಲೆಲ್ಲ ನಗುತ್ತಲೇ ಬಂದವನು. ಇವತ್ತು ಅವನ ಕಣ್ಣು ಹೋದದ್ದು ಶಾರದೆಯ ಕಡೆಗೆ. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಯಾರ ಹಂಗೂ ಇಲ್ಲದೆ ಅಲೆಗೆ ಪಾದ ಕೊಟ್ಟು ನಿಂತಿದ್ದಳು. ಹುಡುಗನ ಸಂಕಟ ಹೊಟ್ಟೆಪಾಡಿನದಷ್ಟೇ ಅಲ್ಲವೆಂದು ನನಗೆ ತಿಳಿದದ್ದು ಆಗಲೇ.

ಬೇರೆ ದಾರಿ ಕಾಣದೆ ತಿಪ್ಪೇಶಿ ಸೀಟಿ ಊದಿದ. ಮತ್ತೆ ಊದಿದ. ದಿಬ್ಬದ ಹಿಂದಿನಿಂದ ನಾಯಿ ಬೊಗಳಿತು. ಅದರ ಹಿಂದೆ ‘ಬ್ಯಾ’ ಎಂಬ ಸ್ವರ; ಕುರುಚಲಿನ ನಡುವಿನಿಂದ ಒಂದು ಕುರಿ, ಆಮೇಲೆ ಹಿಂಡಿಗೆ ಹಿಂಡೇ. ಕೊನೆಯಲ್ಲಿ ತಲೆಗೆ ಕಂಬಳಿ ಹೊದ್ದ ಒಬ್ಬ ಮುದುಕಿ, ಕುರಿ ಕಾಯುವಾಕೆ, ನಮ್ಮನ್ನು ನೋಡಿ ನಿಂತಳು.

“ಅಜ್ಜಿ, ಇಲ್ಲೀಗೆ ಹೆಂಗ್ ಬಂದೆ?” ಎಂದರು ಗುರುಸಿದ್ದಪ್ಪನವರು.

“ನಡ್ಕಂಡು. ನೀವು?”

“ಹರಿಗೋಲಾಗೆ.”

“ಯಾಕ್ರಿ?”

ನನ್ನ ಜೀವಮಾನದಲ್ಲಿ ಇಷ್ಟು ಕಷ್ಟದ ಪ್ರಶ್ನೆಯನ್ನು ಕೇಳಿಲ್ಲ. ಅಜ್ಜಿ ಮರುಕದಿಂದ, “ಏನ್ ನೋಡಾಕ್ ಬಂದಿದ್ರಿ?” ಎಂದಳು.

“ದ್ವೀಪ,” ಎಂದ ತಿಪ್ಪೇಶಿ ಸಣ್ಣ ದನಿಯಲ್ಲಿ.

“ಅದೆಲ್ಲೈತೆ?” ಎಂದು ಅಜ್ಜಿ ಸುತ್ತಲೂ ಹುಡುಕಿ ನೋಡಿದಳು.

ದಿಬ್ಬದ ಹಿಂದೆ ಹೋಗಿ ನೋಡಿದರೆ ಎಲ್ಲ ತಿಳಿಯಿತು. ದಸರೆಯಲ್ಲಿ ತಿಪ್ಪೇಶಿ ಕಂಡಾಗ ಸುತ್ತ ನೀರಿದ್ದದ್ದು ಖರೆ. ಬೇಸಾಯಕ್ಕೆ ಬಿಟ್ಟು ಬಿಟ್ಟು ನೀರು ಇಳಿದು, ಹಿಂಬದಿಯಲ್ಲಿ ನೆಲ ಎದ್ದು ದಡಕ್ಕೆ ಕೂಡಿಕೊಂಡಿತ್ತು. ನಾವು ಮುಂಬಾಗಿಲಿನಿಂದ ಅಷ್ಟು ಸಂಭ್ರಮದಲ್ಲಿ ಬಂದ ಮನೆಗೆ ಹಿಂಬದಿಯಲ್ಲಿ ಗೋಡೆಯೇ ಇರಲಿಲ್ಲ.

ಗುರುಸಿದ್ದಪ್ಪನವರು ಕೆಂಡವಾದರು. “ಇಪ್ಪತ್ತೆಂಟು ವರ್ಷ ನೆಲ ಅಳ್ದೋನು ನಾನು. ನನ್ನೇ ಬುಟ್ಟೀಲಿ ಕುಂದ್ರಿಸಿ ತಿರುಗ್ಸಿದ್ಯಲ್ಲಲೇ! ನಡಿ ಶಾರದಾ, ನಡ್ಕಂಡೇ ಹೋಗಾಣ.”

ತಿಪ್ಪೇಶಿ ಕನ್ನಡಕ ತೆಗೆದು ಜೇಬಿಗಿಟ್ಟ. “ದೇವ್ರಾಣೆ ಸಾರ್, ಆಗ ನೀರಿತ್ತು. ಇನ್ನೊಂದ್ಸಲ ಬಂದು ನೋಡ್ಬೇಕಿತ್ತು, ನೋಡ್ಲಿಲ್ಲ. ತಪ್ಪು ನಂದೇ,” ಎಂದ.

ಶಾರದೆ ಅಪ್ಪನ ಹಿಂದೆ ಹೋಗಲಿಲ್ಲ. “ನೀವು ಹೋಗ್ರಿ ಅಪ್ಪ. ನಾನು ಹರಿಗೋಲಾಗೆ ಬಂದೋಳು, ಹರಿಗೋಲಾಗೇ ಹೋಗ್ತೀನಿ. ಅಕ್ಕ ಅದಾರಲ್ಲ,” ಎಂದಳು.

ಹೀಗೆ ಮಗಳು ಎದುರಾಡಿದ್ದು ಅದೇ ಮೊದಲಿರಬೇಕು. ಅವರು ಕೊಡೆ ಬೀಸುತ್ತಾ ಹೊರಟರು. ಅಜ್ಜಿಯ ಕುರಿಗಳು ದಿಬ್ಬದ ಅಂಚು ಹಿಡಿದು ಬಳಸಿ ಬಂದಿದ್ದವು. ಇವರು ಹೊಸ ನೆಲದ ಮೇಲೆ ನೇರ ಗೆರೆ ಎಳೆದವರಂತೆ ನಡೆದರು. ನೆಲ ಮೇಲೆ ಒಣಗಿತ್ತು, ಒಳಗೆ ಒಣಗಿರಲಿಲ್ಲ. ಹತ್ತಾರು ಹೆಜ್ಜೆಗೆ ಒಂದು ಕಾಲು ಹೋಯಿತು. ಅದನ್ನು ಕೀಳಲು ಹೋಗಿ ಇನ್ನೊಂದು ಹೋಯಿತು. ನಾವು ಓಡಿ ಹೋಗುವಷ್ಟರಲ್ಲಿ ತೊಡೆಯ ತನಕ ಕೆಸರಿನಲ್ಲಿ ನಿಂತು, ಕೊಡೆಯನ್ನು ಮಾತ್ರ ಮೇಲೆ ಹಿಡಿದಿದ್ದರು. ಅಲುಗಾಡಿದಷ್ಟೂ ಇಳಿಯುತ್ತಿದ್ದರು. ಶಾರದೆ “ಅಪ್ಪಾ!” ಎಂದು ಚೀರಿದಳು. ಇಡೀ ದಿನದಲ್ಲಿ ನಗಲಾಗದ ಗಳಿಗೆ ಅದೊಂದೇ.

ತಿಪ್ಪೇಶಿ ಯೋಚಿಸಲಿಲ್ಲ. ಲಾರಿ ಟ್ಯೂಬನ್ನು ಕೆಸರಿನ ಮೇಲೆ ಎಸೆದು, ಅದರ ಮೇಲೆ ಎದೆಯಿಟ್ಟು ಮಲಗಿ, ಕೈಯಿಂದ ಕೆಸರು ತಳ್ಳುತ್ತಾ ಜಾರಿಕೊಂಡು ಹೋದ. ಬೆಲ್ ಬಾಟಮ್ ಎರಡು ಸೋರೆಕಾಯಿಯಂತೆ ಕೆಸರು ತುಂಬಿಕೊಂಡಿತು. ಹತ್ತಿರ ಹೋಗಿ, “ಟ್ಯೂಬು ತಬ್ಬಿಕಳ್ರಿ ಮಾವ! ಒದಿಬ್ಯಾಡ್ರಿ ಮಾವ, ಸುಮ್ನೆ ತಬ್ಬಿಕಳ್ರಿ!” ಎಂದು ಕೂಗಿದ.

ಬೆಳಗಿನಿಂದ ಸಾರ್ ಆಗಿದ್ದವರು ಮಾವ ಆದದ್ದನ್ನು ಅವನು ಗಮನಿಸಲಿಲ್ಲ. ಗುರುಸಿದ್ದಪ್ಪನವರು ಟ್ಯೂಬನ್ನೂ ಅವನನ್ನೂ ಒಟ್ಟಿಗೇ ತಬ್ಬಿಕೊಂಡು, “ಹ್ಞೂಂ ಕಣಪ್ಪ, ಹ್ಞೂಂ, ಬಿಡಬ್ಯಾಡ ಅಷ್ಟೇ,” ಎಂದರು. ನಾನು ಶಾರದೆಯ ಮುಖ ನೋಡಿದೆ. ಕಣ್ಣಲ್ಲಿ ನೀರಿತ್ತು, ಆದರೆ ಅವಳು ಗಮನಿಸಿದ್ದಳು. ಅಜ್ಜಿ ಬಿಸಾಡಿದ ಕಂಬಳಿಯ ತುದಿಯನ್ನು ತಿಪ್ಪೇಶಿ ಹಿಡಿದ. ಇನ್ನೊಂದು ತುದಿಯನ್ನು ನಾವು ಮೂವರು ಹೆಂಗಸರು ಜಗ್ಗಿದೆವು. ಇಬ್ಬರೂ ಗಟ್ಟಿ ನೆಲಕ್ಕೆ ಬಂದರು. ಚಪ್ಪಲಿಗಳು ಬರಲಿಲ್ಲ.

ಹೊತ್ತಿಳಿಯುವಾಗ ಗಾಳಿ ಇಳಿಯಿತು, ಮೈಲಾರಪ್ಪನೂ ಬಂದ. ಅಷ್ಟರಲ್ಲಿ ಕುರಿದಾರಿ ಯಾವುದೆಂದು ಎಲ್ಲರಿಗೂ ತಿಳಿದಿದ್ದರೂ, ನಡೆದು ಹೋಗುವ ಮಾತನ್ನು ಗುರುಸಿದ್ದಪ್ಪನವರು ಮತ್ತೆ ಎತ್ತಲಿಲ್ಲ. ಬರಿಗಾಲಲ್ಲಿ ಹರಿಗೋಲಿನ ನಡುವೆ ಕೂತು, ಸುತ್ತಿದಷ್ಟೂ ಸುತ್ತಿದರು. ದಡ ಹತ್ತಿರವಾದಾಗ ಕೇಳಿದರು: “ಈ ಕೆಲ್ಸ ಬಿಟ್ಟುಬಿಡ್ತೀಯೇನಪ್ಪ?”

“ಬಿಡು ಅಂದ್ರೆ ಬಿಡ್ತೀನಿ.”

“ಬಿಟ್ಟು ಇನ್ನೇನ್ ಮಾಡ್ತಾರೆ ಅಪ್ಪ?” ಎಂದಳು ಶಾರದೆ. ಅದು ಹೊಗಳಿಕೆಯೋ ನಿಂದೆಯೋ ಹೇಳಲಾರೆ. ತಿಪ್ಪೇಶಿ ಮಾತ್ರ ಹೊಗಳಿಕೆಯೆಂದೇ ತೆಗೆದುಕೊಂಡ.

ವೈಶಾಖದಲ್ಲಿ ಹೊಳಲ್ಕೆರೆಯಲ್ಲಿ ಮದುವೆಯಾಯಿತು. ಊಟದ ನಂತರ ಚಪ್ಪರದಡಿ ಎಲೆಯಡಿಕೆ ಹಾಕುತ್ತಾ ಗುರುಸಿದ್ದಪ್ಪನವರು ಬೀಗರ ನಡುವೆ ಕೂತು ಕಥೆ ಹೇಳುತ್ತಿದ್ದರು. ನಡುನೀರಿನ ದ್ವೀಪ, ತೆಂಗಿನ ಮರದೆತ್ತರದ ಅಲೆ, ಆಮೇಲೆ ಆನೆಯನ್ನೇ ನುಂಗುವಂಥ ಕೆಸರು. “ಹುಡ್ಗ ಕುತ್ಗೆ ಮಟ ಹೋಗ್ಬಿಟ್ಟಿದ್ದ. ನಾನು ಕೊಡೆ ಕೊಟ್ಟು ಎಳ್ಕಂಡೆ,” ಎಂದರು. ಕೇಳುವವರು ಬಾಯಲ್ಲಿನ ಎಲೆಯಡಿಕೆ ಅಗಿಯುವುದನ್ನೇ ಮರೆತಿದ್ದರು.

ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಬಾಸಿಂಗ ಕಟ್ಟಿದ್ದ ಮದುಮಗ ಪಕ್ಕದಿಂದ ಮೊಣಕೈಯಲ್ಲಿ ತಿವಿದ.

“ಸುಮ್ಕಿರಕ್ಕ,” ಎಂದ ಮೆಲ್ಲಗೆ. “ಈಗ ಗೈಡು ಅವ್ರು. ತೋರ್ಸಿದ್ ಕಡೆ ನೋಡ್ಬೇಕಷ್ಟೇ.”

ನೋಡಿದೆ. ಅವರು ಕೈಯೆತ್ತಿ ಚಪ್ಪರದ ಆಚೆ, ಬಣಗುಡುವ ಬೀದಿಯ ಕಡೆ ಬೆರಳು ಮಾಡಿ ಅಲೆಯ ಎತ್ತರ ತೋರಿಸುತ್ತಿದ್ದರು. ಬೀಗರಲ್ಲೊಬ್ಬರು ಆಗಲೇ ತಿಪ್ಪೇಶಿಯ ಕಡೆ ವಾಲಿ, ಬರುವ ರಜೆಯಲ್ಲಿ ಮನೆಯವರನ್ನೆಲ್ಲ ಆ ದ್ವೀಪಕ್ಕೆ ಕರೆದೊಯ್ಯಲು ಆಗುತ್ತದೆಯೇ ಎಂದು ವಿಚಾರಿಸುತ್ತಿದ್ದರು.