ಬರಿದಾಗಿ ವಾಪಸ್ ಬಾರದ ಪುಸ್ತಕ

ಹುಣಸೂರಿಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ, ಬಸ್ ನಿಲ್ದಾಣದ ಎದುರು ಬಿಸಿಲು ತಡೆಯಲಾರದೆ ಕೊಡೆ ಬಿಚ್ಚಿದೆ. ತಲೆಯ ಮೇಲೆ, ಹೆಗಲ ಮೇಲೆ, ಕಾಲ ಬುಡಕ್ಕೆ ಅವರೆಕಾಯಿ ಸುರಿಯಿತು. ಹೂವು ಮಾರುತ್ತಿದ್ದ ಹೆಂಗಸೊಬ್ಬರು ಬಿದ್ದುಬಿದ್ದು ನಕ್ಕು, "ಎತ್ಕಳವ್ವಾ, ಸೊಗಡವರೆ ಕಣ, ಒಳ್ಳೇ ಕಾಯಿ" ಎಂದು ತಾವೇ ಆರಿಸಿ ನನ್ನ ಚೀಲಕ್ಕೆ ತುಂಬಿದರು. ಆ ಕೊಡೆಯನ್ನು ಹಿಂದಿನ ವಾರ ಮಳೆ ಹನಿಯುತ್ತಿದ್ದಾಗ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಜವರಮ್ಮನವರಿಗೆ ಕೊಟ್ಟಿದ್ದೆ. ಅಂದು ಬೆಳಿಗ್ಗೆ ದಾರ ಸುತ್ತಿ ವಾಪಸ್ ಕೊಟ್ಟಿದ್ದರು. ಭಾರವಾಗಿದೆಯಲ್ಲ ಎನಿಸಿತ್ತು. ಕೈಯಲ್ಲಿ ಹಿಡಿದದ್ದನ್ನು ಬಿಚ್ಚಿ ನೋಡುವಷ್ಟು ಪುರುಸೊತ್ತು ಇರಲಿಲ್ಲ.

ಮರುದಿನ ಕೇಳಿದ್ದಕ್ಕೆ ಜವರಮ್ಮ ಸೌಟು ತಿರುಗಿಸುತ್ತಲೇ, "ಇನ್ನೇನ್ ಮೇಡಂ, ಇಸ್ಕಂಡಿದ್ನ ಬರಿದಾಗ್ ಕೊಡಕ್ಕಾಯ್ತದಾ?" ಎಂದರು.

ನಮ್ಮ ಗುಳೇದಗುಡ್ಡದಲ್ಲೂ ಪಕ್ಕದ ಮನೆಯ ಬಟ್ಟಲನ್ನು ಯಾರೂ ಖಾಲಿ ಹಿಂದಿರುಗಿಸುವುದಿಲ್ಲ. ಏನಿಲ್ಲವೆಂದರೂ ನಾಲ್ಕು ಕಾಳು ಸಕ್ಕರೆ ಹಾಕಿಯೇ ಕೊಡುತ್ತೇವೆ. ಆದರೆ ಅದು ಬಟ್ಟಲಿಗಷ್ಟೇ. ಇಲ್ಲಿ ಕೊಡೆಗೂ ಅದೇ ಲೆಕ್ಕ, ಓದಲು ಒಯ್ದ ವಾರಪತ್ರಿಕೆಗೂ ಅದೇ ಲೆಕ್ಕ. ಏಣಿ ಕೇಳಿ ಒಯ್ದವರು ಅದರ ಮೆಟ್ಟಿಲಿಗೊಂದು ಸೋರೆಕಾಯಿ ನೇತುಹಾಕಿಕೊಂಡು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ನನಗೆ ಇದು ಮೊದಮೊದಲು ನಗುವ ಸಂಗತಿಯಾಗಿತ್ತು, ಆಮೇಲೆ ನನ್ನ ಬುಡಕ್ಕೇ ಬಂತು.

ನಾನು ಸುವರ್ಣಾ. ಸರ್ಕಾರಿ ಪ್ರೌಢಶಾಲೆಯ ಡ್ರಾಯಿಂಗ್ ಟೀಚರ್ ಆಗಿ ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ದಾರಿಯ ಒಂದು ಹಳ್ಳಿಗೆ ಬಂದವಳು. ಒಬ್ಬಳೇ ಇರುವ ಹೆಣ್ಣುಮಗಳೆಂದು ಮನೆ ಕೊಡಲು ಹಲವರು ಹಿಂದೆಮುಂದೆ ನೋಡಿದರು. ಕೊನೆಗೆ ಹುಣಸೂರು ಪೇಟೆಯ ಮುಬೀನಾ ಆಪಾ ಮಹಡಿಯ ಕೋಣೆಯ ಬಾಗಿಲು ತೆರೆದು, "ಅಡಿಗೆ ಬರ್ತದಾ? ಬರ್ದಿದ್ರೂ ಬುಡಿ, ಕೆಳಗೆ ನಾವಿದ್ದೀವಲ್ಲ" ಎಂದರು. ಆಪಾ ಹೊಲಿಗೆ ಮಾಡುತ್ತಾರೆ. ಅವರ ಗಂಡ ಬಶೀರ್ ಭಾಯಿ ಪುಸ್ತಕಕ್ಕೆ ಬೈಂಡು ಹಾಕುತ್ತಾರೆ. ನಾನು ಮಾಂಸ ತಿನ್ನುವವಳಲ್ಲ ಎಂದು ಗೊತ್ತಾದ ಮೇಲೆ ಹಬ್ಬದ ದಿನ ಮಹಡಿಗೆ ಶ್ಯಾವಿಗೆ ಪಾಯಸ ಮಾತ್ರ ಬರುತ್ತಿತ್ತು. ಬಿರಿಯಾನಿಯ ವಾಸನೆ ಯಾರ ಅಪ್ಪಣೆಯೂ ಇಲ್ಲದೆ ತಾನೇ ಬರುತ್ತಿತ್ತು.

ಊಟಕ್ಕೆ ಒಗ್ಗಿಕೊಳ್ಳುವುದು ಕಷ್ಟವಾಗಲಿಲ್ಲ ಎಂದರೆ ಸುಳ್ಳಾದೀತು. ಜೋಳದ ರೊಟ್ಟಿಯನ್ನು ಹಲ್ಲು ನೋಯುವಷ್ಟು ಅಗಿದು ಬೆಳೆದವಳು ನಾನು. ಇಲ್ಲಿ ಮುದ್ದೆಯನ್ನು ಅಗಿದರೆ ಶಾಲೆಯ ಮಕ್ಕಳೆಲ್ಲ ಸೇರಿ ನಗುತ್ತಾರೆ, ಅದನ್ನು ನುಂಗಬೇಕು. ಕಾಳು, ಸೊಪ್ಪು ಬೇಯಿಸಿದ ನೀರಿಗೆ ಉಪ್ಪು ಹಾಕಿ, ಮೇಲಿಂದ ಖಾರ ಕಲಸಿಕೊಳ್ಳುವ ಉಪ್ಸಾರು ಎಂಬುದಿದೆ. ಮೊದಲ ಸಲ ಇದೇನು ಬೇಳೆ ತೊಳೆದ ನೀರು ಎನಿಸಿತ್ತು, ಈಗ ಅದಿಲ್ಲದೆ ವಾರ ಕಳೆಯುವುದಿಲ್ಲ. ಭಾಷೆಯ ಮಾತು ಬಿಡಿ. ಎರಡೂ ಕನ್ನಡವೇ, ಆದರೂ ನಾನು "ಹಂಗ್ಯಾಕ್ರೀ" ಎಂದರೆ ಜಗಳಕ್ಕೆ ಬಂದಳೆಂದು ಅವರು ಹೆದರುತ್ತಿದ್ದರು, ಅವರು "ಬುಡು ಅತ್ಲಾಗೆ" ಎಂದರೆ ಬೈದರೆಂದು ನಾನು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದೆ.

ನಿಜವಾಗಿ ಕಾಡಿದ್ದು ಒಂಟಿತನ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕುಳಿತವಳೂ ಊರು ಬರುವುದರೊಳಗೆ ಅಕ್ಕನೋ ತಂಗಿಯೋ ಆಗಿರುತ್ತಾಳೆ. ಇಲ್ಲಿ ನಾನು ಎಲ್ಲರಿಗೂ ಮೇಡಂ. ಕುರ್ಚಿ ಹಾಕಿಕೊಡುತ್ತಿದ್ದರು, ಟೀ ತಂದುಕೊಡುತ್ತಿದ್ದರು, ನಾನು ಹೋದ ಕೂಡಲೇ ಮಾತು ನಿಲ್ಲಿಸುತ್ತಿದ್ದರು.

ಅದನ್ನು ಮುರಿಯಲೆಂದೇ ಒಂದು ಪುಸ್ತಕ ಶುರುಮಾಡಿದೆ. ಪೇಟೆಯ ಕಲಾವಿದರು ಇದಕ್ಕೆ ಆರ್ಟ್ ಜರ್ನಲ್ ಎನ್ನುತ್ತಾರೆ. ಒಂದೇ ಪುಸ್ತಕ ಹಲವರ ಕೈಗೆ ಸುತ್ತುತ್ತದೆ. ಒಬ್ಬರು ಬಣ್ಣ ಬಳಿದದ್ದರ ಮೇಲೆ ಇನ್ನೊಬ್ಬರು ಬಟ್ಟೆ ಅಂಟಿಸುತ್ತಾರೆ, ಅದರ ಮೇಲೆ ಮತ್ತೊಬ್ಬರು ನಾರು, ಕಾಗದ, ಏನು ಬೇಕಾದರೂ. ಕಣ್ಣಿನಿಂದ ನೋಡುವಷ್ಟೇ ಬೆರಳಿನಿಂದಲೂ ನೋಡುವ ಪುಸ್ತಕ ಅದು. ನನಗೆ ಇದೇನೂ ಹೊಸದಲ್ಲ. ಅವ್ವ ಓಣಿಯವರ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವವಳು. ಕೌದಿಯಲ್ಲಿ ಯಾರ ಸೀರೆ ಮೇಲೆ ಬಂತು, ಯಾರದು ಒಳಗೆ ಹೋಯಿತು ಎಂದು ನಮ್ಮಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ.

ಬಶೀರ್ ಭಾಯಿ ದಪ್ಪ ಹಾಳೆಗಳನ್ನು ಹೊಲಿದು, ಪದರಗಳು ಬೆಳೆದ ಮೇಲೂ ಪುಸ್ತಕ ಬಾಯಿ ಬಿಡದಿರಲಿ ಎಂದು ಬೆನ್ನಿನಲ್ಲಿ ಜಾಗ ಬಿಟ್ಟು ಕಟ್ಟಿಕೊಟ್ಟರು. ಜೊತೆಗೆ ಸೇರಿದವರು ನಾಲ್ವರು. ಹುಣಸೂರಿನ ಆಪಾ, ನಮ್ಮ ಶಾಲೆಯ ಅಡುಗೆಯ ಜವರಮ್ಮ, ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಯುವ ಮನೆಗೆ ಕೊಟ್ಟಿರುವ ಜವರಮ್ಮನ ಮಗಳು ಲಕ್ಷ್ಮಿ, ಶನಿವಾರ ಬಂತೆಂದರೆ ಕೆ.ಆರ್. ನಗರದ ಬಸ್ಸು ಹತ್ತುವ ಗಣಿತದ ಟೀಚರ್ ನಾಗರತ್ನ.

ಮೊದಲ ಪುಟ ನನ್ನದು. ಗುಳೇದಗುಡ್ಡದ ನಮ್ಮ ಮನೆಯ ಮುಂಭಾಗ ಬರೆದೆ. ಗೋಡೆಗೆ ಬಣ್ಣ, ಬಾಗಿಲಿಗೆ ಅವ್ವನ ಹಳೇ ಕುಪ್ಪಸದ ಖಣದ ತುಂಡು, ಹೊಸ್ತಿಲಿಗೆ ಸುರುಳಿ ಸುತ್ತಿದ ಹತ್ತಿ ದಾರ. ಆಪಾ ಒಲೆಯ ಮೇಲೆ ಕಾಯಿಸಿಕೊಟ್ಟ ಮೈದಾ ಅಂಟಿನಿಂದ ಎಲ್ಲವನ್ನೂ ಕೂರಿಸಿ, "ಇದರ ಮ್ಯಾಲೆ ನೀವು ಮಾಡ್ರಿ" ಎಂದು ಕೊಟ್ಟೆ.

ಯಾರೂ ಮಾಡಲಿಲ್ಲ. ಪುಸ್ತಕ ಸುತ್ತಿತು, ಬೇರೆ ಪುಟಗಳು ತುಂಬಿದವು. ನನ್ನ ಪುಟ ಮಾತ್ರ ಹಾಗೇ ಉಳಿಯಿತು. ಅದರ ಅಂಚಿಗೆ ಸಹ ಯಾರೂ ಬರಲಿಲ್ಲ.

"ನೀವ್ ಬರ್ದಿರದ್ರ ಮ್ಯಾಲೆ ನಾವ್ ಕೈ ಇಕ್ಕಾದಾ? ಸಿವಸಿವಾ" ಎಂದರು ಜವರಮ್ಮ.

"ಇಕ್ಕಲಿ ಅಂತನ ಬರ್ದೀನ್ರೀ, ಜವರಮ್ಮಾರ!"

"ಬುಡಿ ಮೇಡಂ, ತಮಾಸೆ ಮಾಡ್ಬ್ಯಾಡಿ."

ನಾಗರತ್ನ ಕೂಡ, "ಚೆನ್ನಾಗೈತೆ ಕಣ್ರೀ, ಹಾಳು ಮಾಡಾಕ್ ಮನ್ಸು ಬರಲ್ಲ" ಎಂದಳು. ಹೊಗಳಿಕೆಯೇ. ಆದರೆ ಆ ಪುಟ ಕುರ್ಚಿಯ ಮೇಲೆ ಕೂರಿಸಿದ ನನ್ನ ಹಾಗೇ ಕಾಣುತ್ತಿತ್ತು.

ಆ ವರ್ಷ ಅವ್ವನ ಫೋನು ಬಂದಾಗಲೆಲ್ಲ ಒಂದೇ ಮಾತು. "ಈ ಸಲ ವರ್ಗಾವಣಿಗೆ ಅರ್ಜಿ ಹಾಕಬೇಕ ನೋಡು ನೀ. ಬ್ಯಾಸಗ್ಯಾಗ ನಾನ ಬಂದು ಬರಸ್ತೀನಿ." ನಾನು ಹೂಂ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಬೇರೆ ಮಾತು ಮಾಡಿಕೊಂಡಿದ್ದೆ. ಇವರಲ್ಲಿ ಒಬ್ಬರಾದರೂ ನನ್ನ ಪುಟದ ಮೇಲೆ ಕೈ ಇಟ್ಟರೆ ಇಲ್ಲೇ ಇರುವುದು, ಇಲ್ಲದಿದ್ದರೆ ಅವ್ವ ಹೇಳಿದಂತೆ ಹೊರಡುವುದು. ಹುಚ್ಚು ಎನ್ನಿ ಬೇಕಾದರೆ. ಪರ ಊರಿನಲ್ಲಿ ಒಬ್ಬಳೇ ಇದ್ದವರಿಗೆ ಇಂಥ ಹುಚ್ಚುಗಳು ಹಿಡಿಯುತ್ತವೆ.

ಉಳಿದ ಪುಟಗಳ ಬಗ್ಗೆ ಹೇಳಿಯೇ ಬಿಡುತ್ತೇನೆ, ನನಗೆ ವಿಪರೀತ ಜಂಬ. ಲಕ್ಷ್ಮಿ ಕಳಿಸಿದ ತಂಬಾಕಿನ ಎಲೆಯನ್ನು ನೀವು ನೋಡಬೇಕಿತ್ತು. ಸೊಪ್ಪನ್ನು ಬೆಂಕಿಯ ಶಾಖದಲ್ಲಿ ಒಣಗಿಸುವ ಎತ್ತರದ ಗೂಡಿಗೆ ಇಲ್ಲಿ ಬ್ಯಾರನ್ ಎನ್ನುತ್ತಾರೆ. ಅದರಿಂದ ಇಳಿಸಿದ ಎಲೆಗೆ ಯಾವ ಬಣ್ಣದ ಡಬ್ಬಿಯಲ್ಲೂ ಸಿಗದ ಹಳದಿ ಇರುತ್ತದೆ. ನಾಗರತ್ನ ಅದರ ಮೇಲೆ ಭತ್ತದ ಹೊಟ್ಟು ಉದುರಿಸಿದಳು. ಆಪಾ ಅದರ ಮೇಲೆ ಮದುವೆಯ ದುಪಟ್ಟಾದ ಜರಿ ಕೂರಿಸಿದರು. ಕಣ್ಣು ಮುಚ್ಚಿ ಸವರಿದರೆ ಒಂದೊಂದು ಬೆರಳಿಗೆ ಒಂದೊಂದು ತಾಲ್ಲೂಕು ಸಿಗುತ್ತಿತ್ತು. ನಮ್ಮೂರಿನ ಖಣ, ಕೌದಿ ಎಂದು ಎದೆಯುಬ್ಬಿಸಿ ತಿರುಗುತ್ತಿದ್ದ ನಾನು ಬಾಯಿ ಮುಚ್ಚಿಕೊಂಡು ನೋಡಿದೆ.

ಜವರಮ್ಮ ಮಾತ್ರ ಏನೂ ಅಂಟಿಸುತ್ತಿರಲಿಲ್ಲ. ನನ್ನ ಕೈಗೆ ಇದೆಲ್ಲ ಬರುವುದಿಲ್ಲ ಎನ್ನುತ್ತಿದ್ದರು. ಆದರೆ ಇಸಿದುಕೊಂಡದ್ದನ್ನು ಬರಿದಾಗಿ ಕೊಡುವ ಹೆಂಗಸಲ್ಲವಲ್ಲ! ಪ್ರತಿ ಸಲ ಹಾಳೆಗಳ ನಡುವೆ ಏನಾದರೊಂದು ಇಟ್ಟೇ ಕೊಡುತ್ತಿದ್ದರು. ಒಮ್ಮೆ ಕನಕಾಂಬರ, ಒಮ್ಮೆ ಕಾಗದದಲ್ಲಿ ಕಟ್ಟಿದ ಕೊತ್ತಂಬರಿ ಬೀಜ.

ಸಂಕ್ರಾಂತಿ ಬಂತು. ನಮ್ಮಲ್ಲಿ ಕುಸುರೆಳ್ಳು ಕೊಡುವ ಹಾಗೆ ಇಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆ ಬೆರೆಸಿ ಮನೆಮನೆಗೆ ಹಂಚುತ್ತಾರೆ, ಅದಕ್ಕೆ ಎಳ್ಳು ಬೀರುವುದು ಎಂದು ಹೆಸರು. ಜವರಮ್ಮ ನನಗೆ ಡಬ್ಬಿಯಲ್ಲಿ ಬೇರೆ ಕೊಟ್ಟರು, ಪುಸ್ತಕಕ್ಕೂ ಅದರ ಪಾಲು ಇಟ್ಟಿದ್ದರೆಂದು ನನಗೆ ತಿಳಿಯಲಿಲ್ಲ. ಆ ವೇಳೆಗೆ ಪುಸ್ತಕ ಬಸುರಿಯಂತೆ ಊದಿಕೊಂಡಿತ್ತು, ಒಂದು ಪೊಟ್ಟಣ ಹೆಚ್ಚಾದದ್ದು ಯಾರಿಗೆ ಕಾಣಬೇಕು? ಪರೀಕ್ಷೆಯ ಗಡಿಬಿಡಿ, ಪುಸ್ತಕ ನನ್ನ ಕಪಾಟಿನಲ್ಲೇ ಉಳಿಯಿತು.

ಬೇಸಿಗೆ ಕಾದ ಮೇಲೆ ತೆಗೆದರೆ ಕಪಾಟಿನಿಂದ ಇರುವೆಯ ಸಾಲು. ಬೆಲ್ಲ ಬೆವೆತು ನನ್ನ ಪುಟವನ್ನು ಎದುರಿನ ಪುಟಕ್ಕೆ ಅಂಟಿಸಿತ್ತು. ಶಾಲೆಗೆ ಒಯ್ದು, ನಾಗರತ್ನಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಬಿಡಿಸಿದೆ. ಬಾಗಿಲು, ಹೊಸ್ತಿಲು ಉಳಿದವು. ಗೋಡೆಯೆಲ್ಲ ಕಿತ್ತು ಬಂತು. ನಮ್ಮ ಮನೆಯ ಗೋಡೆಯಲ್ಲಿ ಅಂಗೈ ತೂರುವಷ್ಟು ತೂತು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಳು ಬಂತು.

ಟೀ ತಂದ ಜವರಮ್ಮ ತಮ್ಮದೇ ಪೊಟ್ಟಣ ನೋಡಿದರು. ಟೀ ಲೋಟಗಳನ್ನು ಮೇಜಿನ ಮೇಲಿಟ್ಟು, ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿದರು. "ತತ್ತೀನಿ ಬುಡಿ" ಎಂದರು. ಯಾವಾಗ ತರುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ದಿನವೂ ಅನ್ನ ಬಡಿಸುತ್ತಿದ್ದರು, ಪುಸ್ತಕದ ಸುದ್ದಿ ಎತ್ತುತ್ತಿರಲಿಲ್ಲ. ಅಷ್ಟರಲ್ಲಿ ಅವ್ವ ಹೊರಟೇಬಿಟ್ಟಿದ್ದಳು. ನಾನು ಸೋತೆನೆಂದೇ ತಿಳಿದು ಭಾನುವಾರ ಬೆಳಿಗ್ಗೆ ಮೈಸೂರಿಗೆ ಹೋಗಿ ಅವಳನ್ನು ಕರೆತಂದೆ.

ಗೇಟು ತೆಗೆದರೆ ಆಪಾ ಮನೆಯ ಅಂಗಳದಲ್ಲಿ ನಾಲ್ವರೂ ಕೂತಿದ್ದಾರೆ. ಮೊಣಕೈವರೆಗೆ ಕೆಂಪು ಮಣ್ಣು. ನಡುವೆ ಮಣೆಯ ಮೇಲೆ ಪುಸ್ತಕ, ತೆರೆದದ್ದು ನನ್ನ ಪುಟ.

ಜವರಮ್ಮ ತಮ್ಮ ಹಿತ್ತಿಲ ಮಣ್ಣು ಜರಡಿ ಹಿಡಿದು ತಂದಿದ್ದರು. ಬರೀ ಮಣ್ಣು ಒಣಗಿದರೆ ಬಿರುಕು ಬಿಡುತ್ತದೆಂದು ನಾಗರತ್ನ ಬೆಳಿಗ್ಗೆಯ ಬಸ್ಸಿಗೇ ಊರಿಂದ ಭತ್ತದ ಹುಲ್ಲು ತಂದು ಸಣ್ಣಗೆ ಕತ್ತರಿಸಿ ಬೆರೆಸಿದ್ದಳು. ಕಾಗದಕ್ಕೆ ಮಣ್ಣು ಕಚ್ಚುವುದಿಲ್ಲವೆಂದು ಲಕ್ಷ್ಮಿ ತಂಬಾಕಿನ ಬೇಲು ಸುತ್ತುವ ಗೋಣಿತಾಟು ತಂದು ಕೆಳಗೆ ಹಾಸಿದ್ದಳು. ಇರುವೆ ಇನ್ನು ಮುಟ್ಟದಿರಲೆಂದು ಆಪಾ ಗಂಡನ ಅಂಗಡಿಯಿಂದ ಮೈಲುತುತ್ತ ಬೆರೆಸಿದ ಅಂಟು ತಂದಿದ್ದರು. ತೂತಿಗಷ್ಟೇ ತೇಪೆ ಹಾಕಿದರೆ ಅಸಹ್ಯವೆಂದು ಗೋಡೆಯನ್ನೆಲ್ಲ ಮೆತ್ತಿದ್ದರು. ಮೆತ್ತುತ್ತ ಮೆತ್ತುತ್ತ ಬಾಗಿಲು, ಹೊಸ್ತಿಲು ಎಲ್ಲ ಒಳಗೆ ಹೋಗಿತ್ತು.

"ಗ್ವಾಡೆ ತೂತ್ ಬಿದ್ರೆ ಮೆತ್ಬೇಕಲ್ವಾ ಮೇಡಂ" ಎಂದರು ಜವರಮ್ಮ ನನ್ನ ಮುಖ ನೋಡದೆ. "ಯಾರ್ ಮನೆ ಅಂತ ನೋಡ್ಕಂಡ್ ಕೂತ್ಕತಾರಾ?"

ಚಪ್ಪಲಿ ಬಿಟ್ಟು ಅವರ ನಡುವೆ ನೆಲದ ಮೇಲೆ ಕೂತೆ. ಯಾರೂ ಕುರ್ಚಿ ತರಲು ಏಳಲಿಲ್ಲ. "ಈ ಮೂಲೆ ಒತ್ತು ಮಗ, ಎದ್ ಬತ್ತದೆ" ಎಂದು ಜವರಮ್ಮ ನನ್ನ ಕೈ ಹಿಡಿದು ಮಣ್ಣಿಗೆ ಒತ್ತಿದರು. ಕೆಲಸ ಸಿಕ್ಕಿದ ದಿನವೂ ಇಷ್ಟು ಹೆಮ್ಮೆ ನನಗೆ ಆಗಿರಲಿಲ್ಲ. ಆ ಪುಟವನ್ನು ಯಾವ ದೊಡ್ಡ ಊರಿನ ಯಾವ ಪ್ರದರ್ಶನಕ್ಕಾದರೂ ಇಡಿ, ಅಂಥದ್ದು ಇನ್ನೊಂದು ಸಿಗುವುದಿಲ್ಲವೆಂದು ಎದೆ ತಟ್ಟಿ ಹೇಳಬಲ್ಲೆ.

ಅವ್ವ ಗೇಟಿನ ಹತ್ತಿರವೇ ನಿಂತಿದ್ದಳು. ಈ ಪುಟದ ಫೋಟೋ ಅವಳಿಗೆ ಮೊದಲೇ ಕಳಿಸಿದ್ದೆ, ಓಣಿಯವರಿಗೆಲ್ಲ ತೋರಿಸಿದ್ದಳು. ಬಗ್ಗಿ ನೋಡಿದಳು. "ಎಲ್ಲೈತಿ ನಮ್ಮ ಮನಿ?"

ಅವಳ ಬೆರಳು ಹಿಡಿದು ಮಣ್ಣಿನ ಮೇಲೆ ಆಡಿಸಿದೆ. ಹೊಸ್ತಿಲ ದಾರ ಇದ್ದಲ್ಲಿ ಸಣ್ಣದೊಂದು ದಿಂಡು. ಅವ್ವನ ಬೆರಳು ಅಲ್ಲಿ ನಿಂತಿತು. ಜವರಮ್ಮ ಹೆದರಿ, "ತಪ್ಪಾಯ್ತೇನೋ ಕಣ್ರಮ್ಮಾ, ನಿಮ್ ಮನೆ ಮ್ಯಾಲೇ ಮೆತ್ಬುಟ್ಟೊ" ಎಂದರು.

"ಅವ್ವಾ, ಈ ವರ್ಷ ನಾ ಅರ್ಜಿ ಹಾಕೂದಿಲ್ಲ" ಎಂದುಬಿಟ್ಟೆ.

ಅವ್ವ ಗೋಣಿಯ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿದಳು. ಆಮೇಲೆ ಆಪಾ ಕಡೆ ತಿರುಗಿ, "ಬರೇ ಅಂಟು ಎಷ್ಟ ದಿನ ಹಿಡಿತೈತ್ರೀ? ಮುಂದಿನ ಬ್ಯಾಸಗಿಗೆ ಬಿಚ್ಚತೈತಿ. ದಬ್ಬಣ ಐತೇನು?" ಎಂದು ಕೇಳಿದಳು.

ಬಶೀರ್ ಭಾಯಿ ತಮ್ಮ ದಬ್ಬಣ, ದಪ್ಪ ದಾರ ತಂದುಕೊಟ್ಟರು. ಪ್ರಯಾಣದ ಧೂಳನ್ನೂ ತೊಳೆಯದೆ ಅವ್ವ ಮೆಟ್ಟಿಲ ಮೇಲೆ ಕೂತು ಪುಸ್ತಕವನ್ನು ತೊಡೆಗೇರಿಸಿಕೊಂಡಳು. ಗೋಣಿಯ ಅಂಚನ್ನು ಹಾಳೆಗೆ ಕೂಡಿಸಿ, ಕೌದಿಗೆ ಹಾಕುವ ಅದೇ ಟಾಕು ಹಾಕತೊಡಗಿದಳು. ಹೆಂಗಸರೆಲ್ಲ ಬಗ್ಗಿ ನೋಡುತ್ತ ಆಹಾ, ಓಹೋ ಎಂದರು. ನನ್ನನ್ನು ಕರೆದೊಯ್ಯಲು ಬಂದವಳು, ನಮ್ಮ ಮನೆಯ ಮೇಲೆ ಈ ಊರಿನ ಮಣ್ಣನ್ನು ತನ್ನ ಕೈಯಾರೆ ಹೊಲಿಯುತ್ತಿದ್ದಳು. ನನಗೆ ಬೇಕಾಗಿದ್ದದ್ದು ಇದೇ, ಕುಣಿಯುವಷ್ಟು ಸಂತೋಷವೂ ಆಗಿತ್ತು. ಆದರೂ ಅವ್ವ ಒಂದು ಮೂಲೆಯನ್ನಾದರೂ ಹೊಲಿಯದೆ ಬಿಡಲಿ, ಒಳಗಿನ ನಮ್ಮ ಬಾಗಿಲು ಮುಟ್ಟಲು ಬೆರಳು ತೂರಿಸುವಷ್ಟು ಸಂದಾದರೂ ಇರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತ ನಿಂತಿದ್ದೆ.

ಅವ್ವ ಬಿಡಲಿಲ್ಲ. ನಾಲ್ಕೂ ಕಡೆ ಹೊಲಿದು, ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದಳು.